ಅಜ್ಜನ ಪೀಪಾಯಿಯ ಸೌಟು

ನಮ್ಮ ದ್ರಾಕ್ಷಿ ಗುಡ್ಡ ಎಷ್ಟು ಕಡಿದಾಗಿತ್ತೆಂದರೆ, ಮೇಲಿನ ಸಾಲಿನಿಂದ ಉದುರಿದ ಹಣ್ಣು ಕೆಳಗಿನ ಬಾಗಿಲಿಗೆ ಉರುಳಿ ಬರುವಷ್ಟರಲ್ಲಿ ವೈನ್ ಆಗಿರುತ್ತಿತ್ತು. ನಾವು ಬಾಟಲಿ ಹಿಡಿದು ನಿಂತರೆ ಸಾಕಿತ್ತು. ನೋಡಲು ಬಂದ ಪ್ರವಾಸಿಗಳಿಗೆಲ್ಲ ನಾನು ಇದನ್ನೇ ಮೊದಲು ಹೇಳುತ್ತಿದ್ದೆ. ಅವರು ನಗುತ್ತಿದ್ದರು. ನಕ್ಕವರು ಒಂದು ಬಾಟಲಿ ಹೆಚ್ಚು ಕೊಳ್ಳುತ್ತಾರೆ. ಇಷ್ಟು ಮಾತಿನಲ್ಲಿ ನಾನು ಉಪ್ಪುಖಾರ ಹಚ್ಚದೆ ಹೇಳಿದ ಮಾತು ಇದೊಂದೇ.

ನಾನು ಆ ಮನೆಯ ಅಳಿಯ, ಮದುವೆಯಾಗಿ ಅಲ್ಲೇ ಠಿಕಾಣಿ ಹೂಡಿದವನು. ಬಳ್ಳಿ ಸವರಲು ಕತ್ತರಿ ಕೊಟ್ಟರು, ಬೆರಳು ಸವರಿಕೊಂಡೆ. ಪೀಪಾಯಿ ತೊಳೆಯಲು ಒಳಗೆ ಇಳಿಸಿದರು, ಒಳಗೇ ನಿದ್ದೆ ಹೋದೆ. ಕೊನೆಗೆ ಅತ್ತೆ, “ಅಳಿಯಂದ್ರ ಕೈ ತಂಟೆಗೆ ಹೋಗ್ಬೇಡಿ. ಬಾಯಿಗೇನಾದ್ರೂ ಕೆಲಸ ಕೊಡಿ” ಎಂದರು. ಕೊಟ್ಟರು. ಅಂದಿನಿಂದ ಪ್ರವಾಸಿಗಳು ನನ್ನ ಪಾಲು. ನಾನು ಮಾತಾಡಲು ನಿಂತರೆ ಬಸ್ಸಿನ ಡ್ರೈವರು ಕೂಡ ಎಂಜಿನ್ ಆರಿಸಿ ಇಳಿದು ಬರುತ್ತಿದ್ದ. ಕಿವುಡರೊಬ್ಬರು ನನ್ನ ಮಾತು ಕೇಳಲೆಂದೇ ಎರಡು ಸಲ ಬಂದಿದ್ದರು. ನಂಬದಿದ್ದರೆ ಬಿಡಿ.

ಆದರೆ ನಾನು ಮಾರುತ್ತಿದ್ದುದು ನನ್ನ ಬಾಯನ್ನಲ್ಲ, ಮಾವನ ಮೂಗನ್ನು. ಅಂಥ ಮೂಗು ಜಗತ್ತಿನಲ್ಲಿ ಇನ್ನೊಂದು ಇರಲಿಲ್ಲ. ಮೂರು ಗುಡ್ಡ ಆಚೆ ಯಾರಾದರೂ ಈರುಳ್ಳಿ ಹೆಚ್ಚಿದರೆ ಮಾವ ಇಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಮೂಗಿಗೆ ಹೆದರಿ ನಮ್ಮ ಕಡೆಯ ನೆಂಟರು ಎರಡು ಬಾರಿ ಸ್ನಾನ ಮಾಡಿ ಬರುತ್ತಿದ್ದರು. ಪೀಪಾಯಿಯ ಬಾಯಿಗೆ ಮೂಗು ಇಟ್ಟು, “ಇದು ಪಡುವಣ ಸಾಲಿನ ಹಣ್ಣು, ಬುಟ್ಟಿ ತೊಳೆದಿರಲಿಲ್ಲ, ಕಿತ್ತವನು ಸಿಗರೇಟು ಸೇದಿದ್ದ” ಎನ್ನುತ್ತಿದ್ದರು. ಕಿತ್ತವನು ಅಲ್ಲೇ ತಲೆ ತಗ್ಗಿಸುತ್ತಿದ್ದ. ಸಾಮಾನ್ಯವಾಗಿ ಆ ಕಿತ್ತವನು ನಾನೇ.

ನೆಲಮಾಳಿಗೆಯ ತುತ್ತತುದಿಯಲ್ಲಿ ಅಜ್ಜನ ಪೀಪಾಯಿ ಇತ್ತು. ಅಜ್ಜನೆಂದರೆ ಮಾವನ ಅಪ್ಪ, ಗುಡ್ಡಕ್ಕೆ ಮೊದಲ ಬಳ್ಳಿ ನೆಟ್ಟವನು. ಅವನ ಮೊದಲ ವರ್ಷದ ವೈನ್ ಅದರಲ್ಲಿತ್ತು. ಪ್ರತಿವರ್ಷ ಹೊಸ ವೈನ್ ತಿಳಿಯಾದ ಮೇಲೆ, ಮನೆಯ ಹಿರಿಯ ಅಜ್ಜನ ಪೀಪಾಯಿಯ ಮೇಣದ ಮುದ್ರೆ ಒಡೆದು, ಮೂಸಿ ನೋಡಿ, “ಇದ್ದಾನೆ” ಎನ್ನಬೇಕು. ಆಮೇಲೆ ಅದರಿಂದ ಒಂದೊಂದು ಸೌಟು ತೆಗೆದು ಉಳಿದ ಎಲ್ಲ ಪೀಪಾಯಿಗಳಿಗೂ ಹಾಕಬೇಕು. ತೆಗೆದಷ್ಟು ಹೊಸದನ್ನು ಅಜ್ಜನಿಗೆ ತುಂಬಿ, ಮತ್ತೆ ಮೇಣ ಸುರಿದು ಹೆಬ್ಬೆಟ್ಟು ಒತ್ತಬೇಕು. ಹಾಗಾಗಿ ನಮ್ಮ ಪ್ರತಿ ಬಾಟಲಿಯಲ್ಲೂ ಅಜ್ಜನ ಒಂದು ಹನಿ. ಸೌಟು ಹಾಕಿದ ಮೇಲೆ ವಾರವಿಡೀ ಪೀಪಾಯಿಗಳಿಗೆ ಬಿರಡೆ ಇಲ್ಲ, ಬಾಯಿಗೆ ತೆಳುವಾದ ಬಟ್ಟೆ ಮಾತ್ರ. ಹಳೆಯದೂ ಹೊಸದೂ ಮಾತಾಡಿಕೊಳ್ಳಲಿ ಎಂದು. ವೈನಿಗೆ ಗಾಳಿ ಆಗದೆಂದು ಲೋಕಕ್ಕೆಲ್ಲ ಗೊತ್ತು. ಅಜ್ಜನಿಗೆ ಗೊತ್ತಿರಲಿಲ್ಲ, ಆದ್ದರಿಂದ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಕೂಡದು.

ಈ ಸೌಟಿನ ದಿನಕ್ಕೆ ಪ್ರವಾಸಿಗಳನ್ನು ಕರೆಸಿದ್ದು ನನ್ನ ತಲೆ. ಮುದ್ರೆ ಒಡೆದ ಕೂಡಲೇ ಅವರಿಗೆ ಅಜ್ಜನ ವೈನ್ ಚಿಕ್ಕ ಬಟ್ಟಲಿನಲ್ಲಿ ಒಂದೊಂದು ಗುಟುಕು, ಆಮೇಲೆ ಸೌಟು. ಮಾವ ಮೊದಲು ಗೊಣಗಿದರು. ಆಮೇಲೆ ಅದೇ ದಿನಕ್ಕೆಂದು ಕೋಟು ಹೊಲಿಸಿದರು.

ಹೀಗಿರುವಾಗ ಒಂದು ಚಳಿಗಾಲ ಮಾವನಿಗೆ ಜ್ವರ ಬಂತು. ಜ್ವರ ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಒಂದು ಬೆಳಿಗ್ಗೆ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಅಡುಗೆಮನೆಯೆಲ್ಲ ಹೊಗೆ ತುಂಬುತ್ತಿದ್ದರೂ ಮಾವ ಪಕ್ಕದಲ್ಲೇ ಬೆನ್ನು ತಿರುಗಿಸಿ ಕೂತು ಪೇಪರು ಓದುತ್ತಿದ್ದರು. ಅತ್ತೆ ಪಾತ್ರೆ ಇಳಿಸಿ, ನನ್ನನ್ನೂ ನನ್ನ ಹೆಂಡತಿಯನ್ನೂ ಹಿತ್ತಿಲಿಗೆ ಎಳೆದೊಯ್ದರು.

“ನಮಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗ್ಬಾರ್ದು” ಎಂದರು. “ಮೂಗು ಹೋದ್ರೆ ಮನುಷ್ಯ ಬದುಕ್ತಾನೆ. ಮೂಗು ಹೋಯ್ತು ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ ಇವರು ಬದುಕಲ್ಲ.”

ಅಲ್ಲಿಂದ ಮನೆಯಲ್ಲಿ ನಾಟಕ ಶುರುವಾಯಿತು. ಮಾವ ಒಳಗೆ ಬಂದರೆ ಅತ್ತೆ ಗೋಡೆಗೆ ಹೇಳುವಂತೆ, “ಕಾಫಿ ಘಮ್ ಅಂತಿದೆ” ಎನ್ನುವರು. ಮಾವ ಮೂಗರಳಿಸಿ, “ಪುಡಿ ಸ್ವಲ್ಪ ಹೆಚ್ಚು ಹುರಿದಿದ್ದಾರೆ” ಎನ್ನುವರು. ಅವರಿಗೆ ಗೊತ್ತು, ನಮಗೆ ಗೊತ್ತು, ಬಹುಶಃ ಕಾಫಿಗೂ ಗೊತ್ತು. ನನ್ನಂಥ ನನಗೇ ಅವರ ಅಭಿನಯ ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು.

ಸೌಟಿನ ದಿನ ಹತ್ತಿರವಾದಾಗ ನನ್ನ ಹೆಂಡತಿ ನನ್ನನ್ನು ನೆಲಮಾಳಿಗೆಗೆ ಕರೆದಳು. ಅಪ್ಪನ ಮೂಗಿನಲ್ಲಿ ಅರ್ಧ ಅವಳಿಗೆ ಬಂದಿತ್ತು, ಬಾಯಿಯಲ್ಲಿ ಕಾಲುಭಾಗವೂ ಬಂದಿರಲಿಲ್ಲ. ಪೀಪಾಯಿಗಳ ಕೆಲಸವೆಲ್ಲ ಅವಳದೇ. ಅಜ್ಜನ ಪೀಪಾಯಿಯ ಮುದ್ರೆಯ ಸುತ್ತ ಟಾರ್ಚು ಬಿಟ್ಟಳು. ಮೇಣ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಆ ಬಿರುಕಿನ ಮೇಲೆ, ಕೊಳೆತ ಹಣ್ಣಿಗೆ ಮುತ್ತುತ್ತವಲ್ಲ, ಆ ಪುಟ್ಟ ನೊಣಗಳು ಸಂತೆ ನೆರೆದಿದ್ದವು.

“ಹಲಗೆ ಸಂದಿನಲ್ಲಿ ಜಿನುಗಿತ್ತು. ನೆಕ್ಕಿ ನೋಡ್ದೆ” ಎಂದಳು. “ಅಜ್ಜ ಹುಳಿಯಾಗಿದಾನೆ ರೀ.”

“ಎಷ್ಟು?”

“ಗಾಯ ತೊಳೀಬಹುದು, ಅಷ್ಟು.”

ಹುಳಿಯಾದ ಒಂದು ಸೌಟು ಹಾಕಿ, ವಾರವಿಡೀ ಬಾಯಿ ತೆರೆದಿಟ್ಟರೆ ಉಳಿದ ಪೀಪಾಯಿಗಳ ಗತಿಯೇನು ಎಂದು ಅವಳು ಹೇಳಬೇಕಾಗಿರಲಿಲ್ಲ. ಹಿಂದಿನ ವರ್ಷದ ಬೆಳೆಯನ್ನು ಆಲಿಕಲ್ಲು ತಿಂದಿತ್ತು. ಒಂದೊಂದು ಕಲ್ಲೂ ಬಾತುಕೋಳಿಯಷ್ಟಿತ್ತು, ಕೊಕ್ಕು ಮಾತ್ರ ಇರಲಿಲ್ಲ. ಈಗ ನೆಲಮಾಳಿಗೆಯಲ್ಲಿದ್ದುದೇ ನಮ್ಮದೆಂಬುದೆಲ್ಲ. ಇದೂ ಹೋದರೆ ಗುಡ್ಡ ಹೋಗುತ್ತದೆ. ಕೆಳಗಿನ ಹೋಟೆಲಿನವರು ಆಗಲೇ ಎರಡು ಸಲ ಬಂದು, ಬಳ್ಳಿಗಳ ನಡುವೆ ನಿಂತು, ಈಜುಕೊಳ ಎಲ್ಲಿ ಬರಬೇಕೆಂದು ಕೈ ತೋರಿಸಿ ಮಾತಾಡಿಕೊಂಡಿದ್ದರು.

ಅವಳು ಅಪ್ಪನನ್ನು ಕೇಳಿಯೂ ನೋಡಿದಳು. “ಅಪ್ಪಾ, ಈ ಸಲ ಸೌಟು ಬೇಡ. ಮುದ್ರೆ ಬಿರುಕು ಬಿಟ್ಟಿದೆ.”

“ಅಜ್ಜ ಸರಿ ಇದಾನೋ ಇಲ್ವೋ ಅಂತ ಮುದ್ರೆ ನೋಡಿ ಹೇಳೋದಾದ್ರೆ ಈ ಮೂಗು ಯಾತಕ್ಕಮ್ಮ?” ಎಂದು ಮಾವ ಮೂಗು ಮುಟ್ಟಿ ತೋರಿಸಿದರು. ಅವಳು ಆ ಮೂಗನ್ನೇ ನೋಡುತ್ತ ನಿಂತಳು. ಆಮೇಲೆ ಹೊರಟುಹೋದಳು.

ಸಂಜೆ ನನಗೊಂದು ಉಪಾಯ ಹೇಳಿದಳು. “ಮನೆಯವರು ಹೇಳಿದ್ರೆ ಅಪ್ಪನಿಗೆ ಅವಮಾನ. ಹೊರಗಿನವರು ಹೇಳಿದ್ರೆ ಕೇಳ್ತಾರೆ. ಸೌಟಿಗೆ ಮೊದಲು ಗುಟುಕು ಕೊಡ್ತೀವಲ್ಲ, ಯಾರಾದ್ರೂ ಒಬ್ರು ಹುಳಿ ಅಂದೇ ಅಂತಾರೆ. ಆಗ ಮುದ್ರೆ ಮೇಲೆ ತಪ್ಪು ಹೊರಿಸಿ ಅವರೇ ಸೌಟು ಕೆಳಗಿಡ್ತಾರೆ. ನೀವು ಮಾಡಬೇಕಾದ್ದು ಒಂದೇ.”

“ಏನು ಹೇಳು. ಗುಡ್ಡ ಎತ್ತಿ ಆಚೆ ಇಡಬೇಕಾ?”

“ಸುಮ್ನಿರಬೇಕು.”

ನಾನು ಎದೆ ತಟ್ಟಿ ಒಪ್ಪಿಕೊಂಡೆ. ಮೌನದಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ ಎಂಬ ವಿಷಯದ ಮೇಲೆ ಅವಳು ನಿದ್ದೆ ಹೋಗುವವರೆಗೂ ಮಾತಾಡಿದೆ.

ಆ ದಿನ ಬಸ್ಸಿನ ತುಂಬ ಜನ. ಅವರಲ್ಲಿ ನಿವೃತ್ತ ಹೆಡ್ ಮಿಸ್ ಒಬ್ಬರಿದ್ದರು. ಕೈಚೀಲವನ್ನು ಎದೆಗವಚಿಕೊಂಡು, ನಾನು ಹೇಳಿದ್ದಕ್ಕೆಲ್ಲ “ಹಾಗಂತೀರಾ” ಎನ್ನುತ್ತಿದ್ದರು. ಇವರೇ ಬೇಕಾದವರು ಎಂದು ಹೆಂಡತಿ ಕಣ್ಣಲ್ಲೇ ಹೇಳಿದಳು. ಮಾವ ಕೋಟು ತೊಟ್ಟು ಬಂದರು. ಚಾಕುವಿನಿಂದ ಮೇಣ ಒಡೆದರು. ಬಿರಡೆ ತೆಗೆದು, ಬಗ್ಗಿ, ಕಣ್ಣು ಮುಚ್ಚಿ ಮೂಸಿದರು. ಎರಡು ಹೆಜ್ಜೆ ದೂರದಲ್ಲಿದ್ದ ನನ್ನ ಮೂಗಿನ ಕೂದಲು ಸುರುಟಿಕೊಂಡವು. ಮಾವ ಬಹಳ ಹೊತ್ತು ಬಗ್ಗಿಯೇ ಇದ್ದರು, ಬಾವಿಗೆ ಬಿದ್ದ ಬಿಂದಿಗೆಯನ್ನು ಹುಡುಕುವವರ ಹಾಗೆ. ಆಮೇಲೆ ನೆಟ್ಟಗೆ ನಿಂತು, “ಇದ್ದಾನೆ” ಎಂದರು.

ನನ್ನ ಹೆಂಡತಿ ಬಟ್ಟಲು ಹಂಚಿದಳು. ಜನ ಕುಡಿದರು. ಕ್ಯಾಮೆರಾ ಹಿಡಿದವನೊಬ್ಬ ಕೆಮ್ಮಿ, ಕೆಮ್ಮಿದ್ದಕ್ಕೆ ಕ್ಷಮೆ ಕೇಳಿದ. ಕೊನೆಗೆ ಹೆಡ್ ಮಿಸ್ ಬಟ್ಟಲು ಕೆಳಗಿಟ್ಟು, ಕೈಚೀಲ ಸರಿಪಡಿಸಿಕೊಂಡು, “ತಪ್ಪು ತಿಳೀಬೇಡಿ. ಇದು ಹುಳಿಯಾಗಿದೆ ಅಲ್ವಾ?” ಎಂದರು.

ಕೆಲಸ ಆಯಿತು. ನಾನು ಹಲ್ಲು ಕಚ್ಚಿ ನಿಂತಿದ್ದರೆ ಸಾಕಿತ್ತು. ನಿಂತಿದ್ದೆ ಕೂಡ. ಆದರೆ ಮಾವನ ಕಡೆ ನೋಡಿದೆ.

ಅವರು ಹೆಡ್ ಮಿಸ್ಸನ್ನು ನೋಡುತ್ತಿರಲಿಲ್ಲ. ಬಗ್ಗಿ, ಪೀಪಾಯಿಯ ಬಾಯಿಗೆ ಮತ್ತೆ ಮೂಗು ಇಟ್ಟಿದ್ದರು. ಒಮ್ಮೆ ಎಳೆದರು. ಇನ್ನೊಮ್ಮೆ ಎಳೆದರು. ಕೋಟಿನ ಹೊಲಿಗೆ ಬೆನ್ನ ಮೇಲೆ ಬಿಗಿಯಿತು. ತಲೆ ಎತ್ತಿದಾಗ ಆ ಮುಖ, ಜಾತ್ರೆಯ ಗದ್ದಲದಲ್ಲಿ ಅಮ್ಮನ ಕೈ ಬಿಟ್ಟ ಮಗುವಿನದು. ಬಸ್ಸಿನ ಜನವೆಲ್ಲ ಆ ಮುಖವನ್ನೇ ನೋಡುತ್ತಿದ್ದರು. ಸೌಟು ಹಿಡಿದ ಕೈ ನಿಧಾನವಾಗಿ ಕೆಳಗಿಳಿಯುತ್ತಿತ್ತು.

“ಹುಳಿಯಲ್ಲಮ್ಮ” ಎಂದಿತು ನನ್ನ ಬಾಯಿ. “ಅದು ವಯಸ್ಸು. ಎಳೆ ನಾಲಿಗೆಗೆ ಹುಳಿ ಅನ್ನಿಸ್ತದೆ. ತಿಳಿದವರಿಗೆ ಮೊದಲು ಚುರುಕ್ ಅಂತದೆ, ಆಮೇಲೆ ಗಂಟಲಲ್ಲಿ ನಮ್ಮ ಅಜ್ಜ ಎದ್ದು ಕೂತ್ಕೋತಾನೆ. ರಾಜಮಹಾರಾಜರು ಇದರ ಒಂದು ಹನಿಗೆ ಕಿರೀಟ ಅಡವಿಟ್ಟಿದಾರೆ. ಇನ್ನೊಂದು ಗುಟುಕು ತಗೊಳ್ಳಿ, ಆತುರ ಪಡ್ಬೇಡಿ.”

ನನ್ನ ಜೀವಮಾನದಲ್ಲಿ ಅದಕ್ಕಿಂತ ಚೆನ್ನಾಗಿ ನಾನು ಮಾತಾಡಿಲ್ಲ. ಹೆಡ್ ಮಿಸ್ ಇನ್ನೊಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. “ಹೌದು” ಎಂದರು, “ಆಮೇಲೆ ಏನೋ ಬರ್ತದೆ.” ಕ್ಯಾಮೆರಾದವನಿಗೂ ಬಂತು. ಹಿಂದಿನ ಸಾಲಿನ ಹೊಸ ಜೋಡಿಗೆ ಇಬ್ಬರಿಗೂ ಒಟ್ಟಿಗೆ ಬಂತು. ಮಾವನ ಮುಖಕ್ಕೆ ರಕ್ತ ಹಿಂತಿರುಗಿತು. ಕೈ ಮೇಲೆದ್ದಿತು. ಸೌಟು ಒಂದಾದ ಮೇಲೊಂದು ಪೀಪಾಯಿಗೆ ಇಳಿಯಿತು, ಜನ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಬಟ್ಟಲುಗಳನ್ನು ಆಯ್ದುಕೊಂಡಳು. ನನ್ನ ಕೈಯಲ್ಲಿದ್ದ ಬಟ್ಟಲನ್ನೂ ತೆಗೆದುಕೊಂಡು ಹೋದಳು.

ಆ ವಾರವಿಡೀ ಮಾವ ನೆಲಮಾಳಿಗೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಊಟ ಅಲ್ಲೇ, ನಿದ್ದೆ ಅಲ್ಲೇ. ಹಾಗಾಗಿ ಕದ್ದು ಬಿರಡೆ ಹಾಕಲೂ ಆಗಲಿಲ್ಲ. ನನ್ನ ಹೆಂಡತಿ ಹುಳಿ ತಡೆಯುವ ಗಂಧಕದ ಪುಡಿಯ ಡಬ್ಬಿ ಹಿಡಿದು ಮೆಟ್ಟಿಲಲ್ಲಿ ಕಾದಳು. ಅವರು ಕೈಕಾಲು ತೊಳೆಯಲು ಎದ್ದಾಗ ಸಿಕ್ಕಿದ ಪೀಪಾಯಿಗೆ ಸಿಕ್ಕಿದಷ್ಟು ಹಾಕಿದಳು. ಬಟ್ಟೆಯ ಮೇಲೆ ನೊಣ ಕೂತವು. ಮಾವ ಅವನ್ನು ಓಡಿಸುತ್ತ, “ಸಿಹಿ ಇದ್ದಲ್ಲೇ ಬರೋದು ಇವು” ಎಂದರು.

ಬೇಸಿಗೆ ಹೊತ್ತಿಗೆ ಒಂದು ಪೀಪಾಯಿಯೂ ಉಳಿಯಲಿಲ್ಲ. ವಿನೆಗರ್ ಎಂದಾದರೂ ಮಾರೋಣವೆಂದರೆ, ಕೊಳ್ಳುವವರು ಬಂದು ಮೂಸಿ, ಇದು ಅದಕ್ಕೂ ಲಾಯಕ್ಕಿಲ್ಲ ಎಂದರು. ನನ್ನ ಹೆಂಡತಿ ಒಂದೊಂದಾಗಿ ಬಿರಡೆ ಕಿತ್ತು ಹೊರಗಿನ ಚರಂಡಿಗೆ ಬಿಟ್ಟಳು. ಕೆಂಪು ನೀರು ಬಳ್ಳಿಗಳ ಸಾಲು ಹಿಡಿದು ಗುಡ್ಡವಿಳಿಯಿತು. ಮೂರು ಗುಡ್ಡ ಆಚೆಯ ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಮಾವ ಮಾತ್ರ ಬಾಗಿಲಲ್ಲಿ ನಿಂತು, ಹರಿಯುವುದನ್ನು ನೋಡಿ, ಅತ್ತೆಯ ಕಡೆ ತಿರುಗಿದರು. “ಏನಾದ್ರೂ ವಾಸನೆ ಬರ್ತಿದ್ಯಾ?” ಎಂದು ಕೇಳಿದರು. ಹಾಗೆ ಕೇಳಿದ್ದು ಅದೇ ಮೊದಲು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದರು.

ಗುಡ್ಡ ಈಗ ಹೋಟೆಲಿನವರದು. ಮಾವನಿಗೂ ಅತ್ತೆಗೂ ಔಟ್‌ಹೌಸಿನ ಒಂದು ಕೋಣೆ ಬಿಟ್ಟಿದ್ದಾರೆ. ನನ್ನ ಹೆಂಡತಿ ಡೈರಿಗೆ ಹೋಗುತ್ತಾಳೆ. ಅಲ್ಲಿ ಕ್ಯಾನುಗಳನ್ನು ಮೂಸಿ, ಹುಳಿಯಾದ ಹಾಲನ್ನು ಹಿಡಿದು ಬೇರೆ ಇಡುವ ಕೆಲಸ. ಅವಳು ಹುಳಿ ಎಂದರೆ ಅಲ್ಲಿ ಎದುರು ಮಾತಿಲ್ಲವಂತೆ. ನನ್ನ ಜೊತೆ ಮಾತಾಡುತ್ತಾಳೆ. ಉಪ್ಪು ಬೇಕಾ, ದೀಪ ಆರಿಸ್ಲಾ, ಇಷ್ಟು.

ನನ್ನನ್ನು ಹೋಟೆಲಿನವರು ಬಿಡಲಿಲ್ಲ. ಗುಡ್ಡಕ್ಕಿಂತ ನನ್ನ ಬಾಯಿಗೇ ಅವರು ಆಸೆಪಟ್ಟಿದ್ದು ಎಂದು ನನ್ನ ಅಂದಾಜು. ದಿನವೂ ಅತಿಥಿಗಳನ್ನು ನೆಲಮಾಳಿಗೆಗೆ ಇಳಿಸುತ್ತೇನೆ. ಕುಡಿಯಲು ಕೊಡುವುದು ಎಲ್ಲಿಂದಲೋ ತರಿಸಿದ್ದು. ಅಜ್ಜನ ಪೀಪಾಯಿಯನ್ನು ಅಡ್ಡ ಕೊಯ್ದು ಎರಡು ಹೂಕುಂಡ ಮಾಡಿ ಬಾಗಿಲ ಆಚೆ ಈಚೆ ಇಟ್ಟಿದ್ದಾರೆ. ಅವುಗಳ ನಡುವೆ ನಿಂತು ಆ ಮೂಗಿನ ಕಥೆ ಹೇಳುತ್ತೇನೆ. ಈಗ ಅದು ಏಳು ಗುಡ್ಡ ಆಚೆಯ ಈರುಳ್ಳಿಗೆ ಕಣ್ಣೊರೆಸಿಕೊಳ್ಳುತ್ತದೆ.

ಕೆಲವು ದಿನ ಮಾವನೂ ಬಂದು ಗುಂಪಿನ ಹಿಂದೆ ನಿಲ್ಲುತ್ತಾರೆ, ಆ ಕೋಟಿನಲ್ಲೇ. ನಾನು ನೋಡದ ಹಾಗೆ ಇರುತ್ತೇನೆ. ಮೊನ್ನೆ ಕಥೆಯ ನಡುವೆ ಹೆಂಗಸೊಬ್ಬರು ಕೈಯೆತ್ತಿ, “ಆ ಯಜಮಾನರು ಈಗಲೂ ಇದಾರಾ?” ಎಂದು ಕೇಳಿದರು.

ನಾನು ಬಾಯಿ ತೆರೆದೆ. ಎಂದೂ ಕೈಕೊಡದ ಬಾಯಿ ಅದು. ಒಂದು ಮಾತೂ ಬರಲಿಲ್ಲ.

“ಇಲ್ಲಮ್ಮ” ಎಂದರು ಮಾವ, ಹಿಂದಿನಿಂದ. “ಹೋಗಿ ಒಂದು ವರ್ಷ ಆಯ್ತು. ಹೂಂ, ಮುಂದೆ ಹೇಳಿ ಗೈಡ್ ಸಾಹೇಬ್ರೇ. ಚೆನ್ನಾಗಿ ಹೇಳ್ತಿದೀರಿ.”

ಮುಂದೆ ಹೇಳಿದೆ.