ರಮಾಕಾಂತನ ಗೋಡೆ, ಪೂವಪ್ಪನ ಕೈ

ರಮಾಕಾಂತನ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಈ ಯಶ್ವಂತನೇ ಯಾಕೆ ಎಂದು ಕೇಳಿದವರು ಬಹಳ ಮಂದಿ. ನ್ಯಾಯವಾದ ಪ್ರಶ್ನೆಯೇ. ರಮಾಕಾಂತ ಮೂರು ದೇಶಗಳಲ್ಲಿ ಮ್ಯೂಸಿಯಂ ಕಟ್ಟಿದ ಆರ್ಕಿಟೆಕ್ಟ್, ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮೂವತ್ತು ವರ್ಷ ಮದುವೆ ವಿಡಿಯೋ ತೆಗೆದವನು. ಬೇಲಾಪುರದ ಸಂಸ್ಥೆಯೊಂದು ದೊಡ್ಡ ನಿರ್ದೇಶಕರ ಪಟ್ಟಿ ಹಿಡಿದು ಹೋದಾಗ ಅವನೇ ಹೇಳಿದನಂತೆ: "ಯಶ್ವಂತ ತೆಗೆದ್ರೆ ಮಾತ್ರ ಕೂತ್ಕೊಳ್ತೇನೆ. ಬೇರೆಯವರ ಎದುರು ಹೊಟ್ಟೆ ಒಳಗೆಳೆದುಕೊಂಡೇ ಇರ್ಬೇಕಾಗ್ತದೆ." ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಹೆದರಿಕೆಯೂ ಆಯಿತು, ಏಕೆಂದರೆ ಅವನಿಂದ ನಾನೊಂದು ವಿಷಯ ಮುಚ್ಚಿಟ್ಟಿದ್ದೆ.

ಹದಿನೆಂಟು ವರ್ಷದ ಹಿಂದೆ ಐರೋಲಿಯಲ್ಲಿ ನಮ್ಮ ಕರಾವಳಿಯವರ ಪಡುವಣ ಮಿತ್ರ ವೃಂದಕ್ಕೆ ರಮಾಕಾಂತ ಪುಕ್ಕಟೆಯಾಗಿ ಒಂದು ಭವನ ವಿನ್ಯಾಸ ಮಾಡಿಕೊಟ್ಟ. ಪತ್ರಿಕೆಗಳಲ್ಲಿ ಅವನಿಗೆ ಮೊದಲು ಹೆಸರು ತಂದದ್ದು ಅದೇ. ಊಟದ ಹಾಲಿನ ಒಂದು ಪಕ್ಕ ನೆಲದಿಂದ ಸೀಲಿಂಗಿನವರೆಗೆ ಬರೀ ಕೆಂಪು ಇಟ್ಟಿಗೆ, ಅದರ ನಡುವೆ ಅಡುಗೆಮನೆಗೆ ಒಂದೇ ಒಂದು ಬಾಗಿಲು. ಫೋಟೊದಲ್ಲಿ ನೋಡಿದರೆ ಕೈಮುಗಿಯಬೇಕು. ಪಂಕ್ತಿಗೆ ಬಡಿಸುವವರಿಗೆ ಮಾತ್ರ ಗ್ರಹಚಾರ. ಸಾರಿನ ಬಕೆಟ್ ಹಿಡಿದು ಹೊರಬರುವವನೂ ಖಾಲಿ ಬಕೆಟ್ ಹಿಡಿದು ಒಳಗೋಡುವವನೂ ಅಲ್ಲೇ ಎದುರುಬದುರಾಗಬೇಕು. ಅಡುಗೆಮನೆಗೆ ಹೋಗಲಿಕ್ಕೊಂದು, ಬರಲಿಕ್ಕೊಂದು ಬಾಗಿಲು ಬೇಕೆಂದು ಹೋಟೆಲಿನವರ ಮನೆಯ ಮಗುವಿಗೂ ಗೊತ್ತು. ಇವನ ಅಪ್ಪ ಡೊಂಬಿವಲಿಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವರು! ಮಹಾಶಯ ಗೋಡೆಯ ಚಂದ ಕೆಡುತ್ತದೆಂದು ಎರಡನೆಯದನ್ನು ಬಿಟ್ಟ.

ಉದ್ಘಾಟನೆಯ ದಿನವೇ ಅನಾಹುತವಾಯಿತು. ಪೂವಪ್ಪ ರಮಾಕಾಂತನ ಅಪ್ಪನ ಹೋಟೆಲಿನಲ್ಲೇ ಬಡಿಸಿ ಪಳಗಿದವನು. ಕುದಿಯುವ ಸಾರಿನೊಂದಿಗೆ ಅವನು ಹೊರಬರುವುದಕ್ಕೂ ಇನ್ನೊಬ್ಬ ಒಳನುಗ್ಗುವುದಕ್ಕೂ ಸರಿಹೋಯಿತು. ಪೂವಪ್ಪನ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ರಮಾಕಾಂತ ಆ ಹೊತ್ತಿಗೆ ಮೇಲಿನ ಮಹಡಿಯ ಸಭೆಯಲ್ಲಿ ಶಾಲು ಹೊದೆಸಿಕೊಳ್ಳುತ್ತಿದ್ದ. ಇವತ್ತು ಅವನಿಗೆ ಹೇಳುವುದು ಬೇಡ ಎಂದರು ಸಂಘದವರು. ಮರುದಿನವೂ ಬೇಡ ಎಂದರು. ಆಮೇಲೆ ಅವನು ಸಂಘಕ್ಕೆ ಬಂದಾಗಲೆಲ್ಲ ಬಾಗಿಲ ಗಲಾಟೆ ಕಣ್ಣಿಗೆ ಬೀಳದಿರಲೆಂದು, ಪಂಕ್ತಿಯಲ್ಲಿ ಕೂರಿಸದೆ, ಮೇಲಿನ ಆಫೀಸಿನಲ್ಲಿ ಸ್ಟೀಲಿನ ತಟ್ಟೆ ಇಟ್ಟು ಉಪಚಾರ ಮಾಡಿದರು. ಕ್ರಮೇಣ ಅವನು ಬರುವುದನ್ನೇ ನಿಲ್ಲಿಸಿದ. ದೊಡ್ಡ ಮನುಷ್ಯ, ಪುರುಸೊತ್ತಿಲ್ಲ ಎಂದುಕೊಂಡೆವು.

ನಾನೇನು ಸಾಚಾ ಅಲ್ಲ. ಆ ಡಿಕ್ಕಿ ನನ್ನ ಕ್ಯಾಮೆರಾದಲ್ಲಿ ಪೂರ್ತಿ ಸೆರೆಯಾಗಿತ್ತು. ಮದುವೆ ವಿಡಿಯೋದಲ್ಲಿ ಮದುಮಗನ ಮಾವ ಜಾರಿ ಬಿದ್ದರೆ, ಬೀಗರು ಜಗಳಕ್ಕಿಳಿದರೆ, ನಾವು ಅಲ್ಲಿ ಗುಲಾಬಿ ಎಸಳು ಉದುರಿಸುತ್ತಿದ್ದೆವು. ಪರದೆ ತುಂಬ ಎಸಳು, ಅದು ಸರಿದಾಗ ಬೇರೆ ದೃಶ್ಯ. ಪೂವಪ್ಪನ ಕೈಯ ಮೇಲೂ ಹಾಗೇ ಎಸಳು ಉದುರಿಸಿ, ಮುಂದೆ ಪಾಯಸದ ಕೊಪ್ಪರಿಗೆ ತೋರಿಸಿದೆ. ಆ ವಿಡಿಯೋವನ್ನು ರಮಾಕಾಂತನಿಗೆ ನಗುನಗುತ್ತಾ ಕೊಟ್ಟವನೂ ನಾನೇ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಾಕ್ಷ್ಯಚಿತ್ರಕ್ಕಾಗಿ ನಾಲ್ಕು ತಿಂಗಳು ಅಲೆದೆ. ಅವನ ಕಟ್ಟಡಗಳ ಬಗ್ಗೆ ಮಾತಾಡಿದವರೆಲ್ಲ ಬೆಳಕು, ಸ್ಥಳಾವಕಾಶ, ಮೌನ ಎಂದು ಒಂದೇ ರಾಗ ಎಳೆದರು. ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, ಒಂದು ಬೆಳಗ್ಗೆ ಟಿಟ್ವಾಳಾ ಲೋಕಲ್ ಹತ್ತಿ ಪೂವಪ್ಪನ ಮನೆಗೆ ಹೋದೆ. ಎಪ್ಪತ್ತು ದಾಟಿದೆ, ಆದರೂ ಸಂಘದ ಊಟವೆಂದರೆ ಥಾಣೆಯಲ್ಲಿ ಗಾಡಿ ಬದಲಿಸಿ ಬಡಿಸಲು ಬರುವ ಆಸಾಮಿ. ಕ್ಯಾಮೆರಾ ಮುಂದೆ ಅವನು ಅಂಗಿಯ ತೋಳು ಮಡಚಿದ. ಕೈಯ ಚರ್ಮ ಸುಕ್ಕುಗಟ್ಟಿ ಬೆಳ್ಳಗಾಗಿತ್ತು.

"ಬಿಲ್ಡಿಂಗ್ ಚಂದ ಉಂಟು ಮಾರಾಯ. ಬಡಿಸ್ಲಿಕ್ಕೆ ಮಾತ್ರ ಆಗುದಿಲ್ಲ," ಎಂದ.

"ಅವನ ಮೇಲೆ ಸಿಟ್ಟಿಲ್ವಾ?"

"ಸಿಟ್ಟೆಂತಕ್ಕೆ? ಅವನನ್ನು ಹೆಗಲ ಮೇಲೆ ಕೂರಿಸ್ಕೊಂಡು ಶಾಲೆಗೆ ಬಿಟ್ಟವ ನಾನು. ಇನ್ನೊಬ್ಬ ಸುಟ್ಕೊಳ್ಬಾರದು, ಅಷ್ಟೇ. ನೀವಾದ್ರೂ ಹೇಳ್ಬಹುದಿತ್ತು."

ಎಡಿಟಿಂಗ್ ಮಾಡುವವಳು ನನ್ನ ಮಗಳು ಶ್ರದ್ಧಾ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಪಪ್ಪಾ, ಯೇ ರಖ್ನಾ ಹೈ ಯಾ ಕಟ್?" ಎಂದು ಕೇಳಿದಳು, ಇದನ್ನು ಇಡುವುದೋ ಕತ್ತರಿಸುವುದೋ ಎಂದು. ಅಷ್ಟರಲ್ಲಿ ಸುದ್ದಿ ಹೇಗೋ ತಿಳಿದು ಸಂಘದ ಕಾರ್ಯದರ್ಶಿ ಸತ್ಯಭಾಮಕ್ಕನ ಫೋನು ಬಂತು.

"ಯಶ್ವಂತಣ್ಣ, ದಮ್ಮಯ್ಯ, ಅದೊಂದು ತೆಗೀರಿ. ಅವರಿಗೆ ಬೇಜಾರಾದ್ರೆ ನಮ್ಮ ಮುಖ ಎಲ್ಲಿಡುದು?"

ಎರಡು ದಿನ ಒದ್ದಾಡಿದೆ. ಅವನು ನನ್ನ ಐವತ್ತು ವರ್ಷದ ಗೆಳೆಯ. ನಾನಾಗಿಯೇ ಅವನನ್ನು ಕಳೆದುಕೊಳ್ಳಬೇಕೇ? ಆದರೆ ಪೂವಪ್ಪನ ಕೊನೆಯ ಮಾತು ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಕೂತಿತ್ತು. ಹಳೆಯ ಕ್ಯಾಸೆಟ್ ಹುಡುಕಿ, ಎಸಳಿಲ್ಲದ ಮೂಲ ದೃಶ್ಯವನ್ನೂ ಸೇರಿಸಲು ಶ್ರದ್ಧಾಳಿಗೆ ಹೇಳಿದೆ.

ಭಾನುವಾರ ಮಧ್ಯಾಹ್ನ ಮಾಜಿವಾಡಾದ ಅವನ ಫ್ಲ್ಯಾಟಿನಲ್ಲಿ ಇಬ್ಬರೇ ಕೂತು ನೋಡಿದೆವು. ಅರ್ಧ ಗಂಟೆ ಅವನು ತನ್ನ ಹೊಟ್ಟೆ ಕಂಡು ತಾನೇ ನಗುತ್ತಿದ್ದ. ಪರದೆಯ ಮೇಲೆ, "ಪ್ಲಾನಿಂಗ್ ಅಂದ್ರೇನು ಅಂತ ಕಲ್ತದ್ದೇ ಅಪ್ಪನ ಹೋಟೆಲಿನಲ್ಲಿ" ಎಂದು ಅವನು ಹೇಳಿ ಮುಗಿಸಿದ್ದೇ ತಡ, ಪೂವಪ್ಪನ ಕೈ ಬಂತು. ಅದರ ಹಿಂದೆಯೇ ಆ ಡಿಕ್ಕಿ. ನಗು ನಿಂತಿತು. ರಿಮೋಟ್ ಕಸಿದುಕೊಂಡು ಮೂರು ಸಲ ಹಿಂದೆ ಓಡಿಸಿ ನೋಡಿದ.

"ಇದು ಯಾವತ್ತಿನದ್ದು?"

"ಉದ್ಘಾಟನೆ ದಿನದ್ದು."

"ನಿಂಗೆ ಗೊತ್ತಿತ್ತಾ?"

"ತೆಗೆದದ್ದೇ ನಾನು. ಮುಚ್ಚಿದ್ದೂ ನಾನು."

ಎದ್ದು ಬಾಲ್ಕನಿಗೆ ಹೋಗಿ ಬೆನ್ನು ಹಾಕಿ ನಿಂತ. ಕೆಳಗೆ ಹೈವೇಯ ಹಾರ್ನುಗಳು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ಕಣ್ಣು ಆಗಲೇ ಹುಡುಕುತ್ತಿತ್ತು. ಹತ್ತು ನಿಮಿಷದ ಮೇಲೆ ಒಳಗೆ ಬಂದ. ಮುಖ ಕೆಂಪೇರಿತ್ತು.

"ಹೇಳ್ಲಿಕ್ಕೆ ಏನಾಗಿತ್ತು ನಿಂಗೆ? ಬಾಯಲ್ಲಿ ಕಡುಬಿತ್ತಾ? ಪೂವಪ್ಪಣ್ಣನ ಕೈ ಮಾರಾಯ ಅದು!"

"ಹೆದರಿಕೆ ಆಯ್ತು. ನೀನು ದೊಡ್ಡವ ಆಗಿದ್ದಿ."

ಅವನು ಸೋಫಾದಲ್ಲಿ ಕುಸಿದು ಕೂತ. ತಟ್ಟನೆ ತಲೆಯೆತ್ತಿದ.

"ಹಾಗಾದ್ರೆ ನನ್ನನ್ನು ಮೇಲೆ ಆಫೀಸಲ್ಲಿ ಕೂರಿಸ್ತಿದ್ದದ್ದು ಇದಕ್ಕಾ?"

"ಮತ್ತೆಂತಕ್ಕೆ? ನೀನು ಬಾಗಿಲು ನೋಡ್ಬಾರದು ಅಂತ."

ಅವನಿಗೆ ನಗು ಬಂತು, ಅದರ ಜೊತೆಯಲ್ಲೇ ಅಳುವೂ ಬಂತು. "ಇಷ್ಟು ವರ್ಷ ನಾನೆಂತ ಅಂದ್ಕೊಂಡಿದ್ದೆ ಗೊತ್ತುಂಟಾ? ನಾನು ಇವರಿಗೆ ಹೊರಗಿನವ ಆದೆ ಅಂತ. ಜೊತೆಯಲ್ಲಿ ಕೂತು ಉಣ್ಲಿಕ್ಕೂ ಬೇಡವಾದೆ ಅಂತ. ಅದಕ್ಕೇ ಬರುದು ಬಿಟ್ಟದ್ದು ಮಾರಾಯ."

ನನ್ನ ಎದೆ ಹತ್ತಿಯಷ್ಟು ಹಗುರವಾಯಿತು. ಒಂದು ಬಾಗಿಲಿನ ವಿಷಯಕ್ಕೆ ನಾವು ಅವನಿಗೆ ಹೆದರಿ, ಅವನು ನಮ್ಮಿಂದ ನೊಂದು, ಹದಿನೆಂಟು ವರ್ಷ ಹಾಳುಮಾಡಿಕೊಂಡಿದ್ದೆವು. ಇಬ್ಬರನ್ನೂ ಕೂರಿಸಿ ಎರಡು ಬಾರಿಸಬೇಕಿತ್ತು ಯಾರಾದರೂ.

ಮುಂದಿನ ಭಾನುವಾರ ಸಂಘದ ವಾರ್ಷಿಕ ಊಟವಿತ್ತು. ಅವನು ಅಳತೆಪಟ್ಟಿ ಜೇಬಿಗೆ ಹಾಕಿಕೊಂಡು ನನ್ನ ಜೊತೆ ಬಂದ. ಸತ್ಯಭಾಮಕ್ಕ ಅವನನ್ನು ಕಂಡು ಬೆಳ್ಳಗಾಗಿ, ಅಭ್ಯಾಸಬಲದಿಂದ, "ಮೇಲೆ ಬನ್ನಿ, ಫ್ಯಾನ್ ಉಂಟು" ಎಂದು ಮೆಟ್ಟಿಲ ಕಡೆ ಕೈತೋರಿಸಿದರು. ಅವನು ನೇರವಾಗಿ ಊಟದ ಹಾಲಿಗೆ ನಡೆದ. ಬಾಗಿಲಲ್ಲಿ ಒಬ್ಬ ನಿಂತು, ಯಾರೂ ಡಿಕ್ಕಿ ಹೊಡೆಯದಂತೆ "ಬಂತು, ಬಂತು, ಸಾರು ಬಂತು" ಎಂದು ಬೊಬ್ಬೆ ಹೊಡೆಯುತ್ತಿದ್ದ. ರಮಾಕಾಂತ ಅವನನ್ನು ಊಟಕ್ಕೆ ಕಳಿಸಿ, ಮೊದಲ ಪಂಕ್ತಿ ಮುಗಿಯುವವರೆಗೆ ತಾನೇ ಅಲ್ಲಿ ನಿಂತು ಕೂಗಿದ. ಸ್ವರ ಬಿದ್ದುಹೋಯಿತು.

ಆಮೇಲೆ ಅನ್ನದ ಪಾತ್ರೆ ಹಿಡಿದಿದ್ದ ಪೂವಪ್ಪನ ಎದುರು ಹೋಗಿ, ಆ ಸುಟ್ಟ ಕೈಯನ್ನು ಮೆಲ್ಲಗೆ ಮುಟ್ಟಿದ.

"ಪೂವಪ್ಪಣ್ಣ, ನಾಳೆಯೇ ಗೋಡೆ ಒಡೆಸ್ತೇನೆ. ನನ್ನಿಂದ ತಪ್ಪಾಯ್ತು."

"ನಾಳೆ ಒಡೆಸು. ಈಗ ಹೋಗಿ ಕೂತ್ಕೋ, ಅನ್ನ ಆರ್ತದೆ."

ಮಂಡಿ ನೋವಿನ ರಮಾಕಾಂತ ನನ್ನ ಭುಜ ಹಿಡಿದು, ಉಸ್ಸಪ್ಪಾ ಎಂದು, ಸಾಲಿನ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತ. ಎಡಗಡೆ ನಾನು, ಬಲಗಡೆ ಯಾರೋ ಕಲ್ಯಾಣದವರು; ಅವರಿಗೆ ಅವನು ಯಾರೆಂದೇ ಗೊತ್ತಿಲ್ಲ. "ಸ್ವಲ್ಪ ಸರೀರಿ, ನಂಗೂ ಎಲೆ ಹಾಕ್ಲಿ," ಎಂದರು. ರಮಾಕಾಂತ ಖುಷಿಯಿಂದ ಸರಿದ.