ವಾಲ್ದೆಮಾರನ ಅತಿಥಿಗಳು

“ತೊಟ್ಟು ಕಿತ್ತಾಕಿದ್ಯಲ್ಲೇ ಕತ್ತೆ ಮುಂಡೇದೇ! ತೊಟ್ಟಿಲ್ದಿರೋ ಸೇಬನ್ನ ಯಾವ ನನ್ಮಗ ತಗತಾನೆ? ನಿಮ್ ದೇಸದಾಗೆ ಮರ ಅಂಬೋದನ್ನೇ ಕಂಡಿಲ್ವೇನೇ?”

ವಾಲ್ದೆಮಾರ್ ಟ್ರ್ಯಾಕ್ಟರಿನಿಂದ ಇಳಿಯದೆಯೇ ಕೂಗಿದ. ನಾನು ಏಣಿಯ ತುದಿಯಲ್ಲಿದ್ದೆ. ಕೊರಳಿಗೆ ಜೋತುಬಿದ್ದ ಚೀಲ ತುಂಬಿ, ಕತ್ತಿನ ನರ ಹಗ್ಗದಂತೆ ಬಿಗಿದಿತ್ತು. ಪಕ್ಕದ ಮರದಲ್ಲಿದ್ದ ದೋದೋ ಅಕ್ಕ ಎಲೆಗಳ ಸಂದಿನಿಂದ ಮುಖ ಹೊರಗೆ ಹಾಕಿ, “ಕಂಡಿವಿ ಕಣ್ರಪ್ಪಾ. ನಮ್ ಮರದಲ್ಲಿ ಹಣ್ಣು ಬಿಡ್ತದೆ, ನಿಮ್ ಮರದಲ್ಲಿ ಬರೀ ಬೈಗಳ” ಎಂದಳು. ಅಂದದ್ದು ನಮ್ಮ ಜಾರ್ಜಿಯನ್ನಿನಲ್ಲಿ. ಅವನಿಗೆ ಮಾತು ಅರ್ಥವಾಗಲಿಲ್ಲ, ನಾವು ನಕ್ಕದ್ದು ಅರ್ಥವಾಯಿತು.

“ನಗ್ರಿ, ನಗ್ರಿ. ಟೂರಿಸ್ಟುಗಳಲ್ವಾ ನೀವು? ನೋಡ್ಕಳಿ ಪೋಲೆಂಡ್ ದೇಸಾನ. ಇದು ಸೇಬು. ಅದು ಏಣಿ. ಅಗೋ, ಅಲ್ಲಿರೋದು ಕಕ್ಕಸು. ಟಿಕೇಟಿಲ್ದೆ ತೋರಿಸ್ತಾ ಇವ್ನಿ.”

ಅವನೂ ನಾವೂ ಮಾತಾಡುತ್ತಿದ್ದುದು ರಷ್ಯನ್ನಿನಲ್ಲಿ. ಅವನಿಗೆ ಅದನ್ನು ಶಾಲೆಯಲ್ಲಿ ಹೊಡೆದು ಕಲಿಸಿದ್ದರು, ನಮಗೂ ಅಷ್ಟೆ. ನಮ್ಮಿಬ್ಬರನ್ನೂ ಆಳಿ ಹೋದವರ ಭಾಷೆಯಲ್ಲಿ ಅವನು ನಮ್ಮನ್ನು ಬೈಯುತ್ತಿದ್ದ.

ನಾವು ಆರು ಜನ, ಜಾರ್ಜಿಯಾದ ಚಿಯಾತುರಾದವರು. ಗಣಿಯ ಊರು. ಗಣಿಯಲ್ಲಿ ಬೆನ್ನು ಕಳೆದುಕೊಂಡ ಜೌರಿ ಅಣ್ಣ ಇದ್ದ. ಹೊಲಿಗೆ ಅಂಗಡಿ ಮುಚ್ಚಿ ಬಂದ ನಾನು, ಲಾಮಾರಾ, ಇದ್ದೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ದೋದೋ ಅಕ್ಕ ಇದ್ದಳು. ನಮ್ಮಲ್ಲಿ ಮದುವೆ ಊಟದಲ್ಲಿ ಬಟ್ಟಲೆತ್ತಿ ಹರಸುವ ಮಾತು ಗಂಡಸರದ್ದು. ದೋದೋ ಬಂದ ಮದುವೆಯಲ್ಲಿ ಮಾತ್ರ ಗಂಡಸರು ಆ ಮಾತನ್ನು ಅವಳಿಗೇ ಬಿಟ್ಟು ತಾವಾಗಿಯೇ ಕೂತುಬಿಡುತ್ತಿದ್ದರು.

ಕೊರೊನಾಕ್ಕೆ ಹಿಂದಿನ ವರ್ಷ ಅದು. ನೋಡಲು ಬರುವುದಾದರೆ ನಮಗೆ ವೀಸಾ ಬೇಡ, ಮೂರು ತಿಂಗಳು ಇರಬಹುದು. ದುಡಿಯಬೇಕೆಂದರೆ, ಇವರಿಗೆ ನಾನು ಕೆಲಸ ಕೊಡುತ್ತೇನೆ ಎಂದು ಯಜಮಾನನೇ ಜಿಲ್ಲಾ ಕಾರ್ಮಿಕ ಕಚೇರಿಯಲ್ಲಿ ನಮ್ಮ ಹೆಸರು ನೋಂದಾಯಿಸಬೇಕು. ಅಷ್ಟು ಮಾಡಿದರೆ ನಾವು ಮನುಷ್ಯರು. ಮಾಡದಿದ್ದರೆ ಕಳ್ಳರು. ಸಿಕ್ಕಿಬಿದ್ದರೆ ಗಡೀಪಾರು, ಮತ್ತೆ ವರ್ಷಗಟ್ಟಲೆ ಈ ಕಡೆ ತಲೆ ಹಾಕುವ ಹಾಗಿಲ್ಲ. ಗಡಿಯಲ್ಲಿ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದಾಗ ದೋದೋ, “ಅರಮನೆ ನೋಡಕ್ಕೆ” ಎಂದಿದ್ದಳು. ನಮ್ಮ ಕಣ್ಣಿಗೆ ಬಿದ್ದ ಅರಮನೆಯೆಂದರೆ ವಾಲ್ದೆಮಾರನ ಶೈತ್ಯಾಗಾರ. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ನಮ್ಮ ಹಾಸಿಗೆ.

ಬಂದ ದಿನ ಅವನು, “ಕಾಗದ ಎಲ್ಲಾ ಮಾಡಿಸ್ಕೊಡ್ತೀನಿ, ಮೊದ್ಲು ಮರ ಹತ್ತಿ” ಎಂದಿದ್ದ. ಆಮೇಲೆ ಕಂಪ್ಯೂಟರ್ ಕೆಟ್ಟಿತು. ಆಮೇಲೆ ಕಚೇರಿಯ ಹೆಂಗಸು ಹೆರಿಗೆಗೆ ಹೋದಳು. ಅವಳು ಹೆತ್ತಿರಬೇಕು, ಮಗು ತೆವಳುತ್ತಲೂ ಇರಬೇಕು, ನಮ್ಮ ಕಾಗದ ಮಾತ್ರ ಹುಟ್ಟಲಿಲ್ಲ.

ಒಂದು ಮಧ್ಯಾಹ್ನ ಜೌರಿ ಅಣ್ಣ ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಹಿಂದೆ ನಾನಿದ್ದೆ. ವಾಲ್ದೆಮಾರ್ ಹಂದಿಯ ಪಲ್ಯ ತಿನ್ನುತ್ತಿದ್ದ.

“ಯಜಮಾನ್ರೇ, ಕಾಗದದ್ದು ಏನಾಯ್ತು?”

“ಕಾಗದ ಬೇಕಾ?” ಅವನು ಬಾಯಿ ಒರೆಸಿಕೊಂಡು ಎದ್ದ. ಬಚ್ಚಲಿಗೆ ಹೋಗಿ ಬಂದು, ಕಕ್ಕಸಿನ ಕಾಗದದ ಸುರುಳಿಯನ್ನು ಜೌರಿಯ ಟೋಪಿಯೊಳಗೆ ಹಾಕಿದ. “ತಗ. ಆರು ಜನಕ್ಕೂ ಸಾಕಾಯ್ತದೆ.”

ಒಲೆಯ ಮುಂದಿದ್ದ ಅವನ ಹೆಂಡತಿ ಹಾಲೀನಾ ತಲೆ ತಗ್ಗಿಸಿದಳು. ಜೌರಿ ಅಣ್ಣ ಟೋಪಿಯನ್ನು ಹಾಗೇ ಹಿಡಿದುಕೊಂಡು ಶೆಡ್ಡಿನವರೆಗೆ ನಡೆದ. ನಲವತ್ತಾಳುದ್ದ ಆಳದ ಗಣಿಯಲ್ಲಿ ಬಂಡೆ ಒಡೆದವನು. ಶೆಡ್ಡಿಗೆ ಬಂದಮೇಲೂ ಟೋಪಿ ಕೆಳಗಿಡಲಿಲ್ಲ.

“ಆ ಹಲ್ಕಾ ನನ್ಮಗನ ತಲೆ ಮ್ಯಾಲೆ ಏಣಿ ಎತ್ತಾಕಿ ಜೈಲಿಗೆ ಹೋಯ್ತೀನಿ ಕಣಕ್ಕ” ಎಂದ.

“ಜೈಲಲ್ಲಿ ಊಟ ಚೆನ್ನಾಗಿರ್ತದಂತೆ. ಆದ್ರೂ ಬ್ಯಾಡ. ಸುರುಳಿ ಇತ್ಲಾಗ್ ಕೊಡು” ಎಂದು ದೋದೋ ಅದನ್ನು ತೆಗೆದು ದಿಂಬಿನ ಕೆಳಗಿಟ್ಟಳು. “ಅವನಿಗೇ ಬೇಕಾಗೋ ಕಾಲ ಬತ್ತದೆ.”

ಬಂತು. ಮರುವಾರ ನಾವು ಮರದ ಮೇಲಿದ್ದಾಗ ವಾಲ್ದೆಮಾರ್ ಸಾಲಿನ ನಡುವೆ ಓಡಿ ಬಂದ. ಅವನು ಓಡುವುದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಹೊಟ್ಟೆ ಒಂದು ಕಡೆ, ಅವನು ಒಂದು ಕಡೆ.

“ಇಳೀರಿ, ಇಳೀರಿ! ಲೇಬರ್ ಇನ್‌ಸ್ಪೆಕ್ಟರು! ಪಕ್ಕದ ತೋಟದಾಗೆ ಔರೆ! ಓಡ್ರಿ, ಮಕ ತೊಳ್ಕಳಿ, ಒಳ್ಳೆ ಬಟ್ಟೆ ಹಾಕ್ಕಳಿ!”

ಅವನ ಮನೆಯ ಮುಂಭಾಗದಲ್ಲಿ ಎರಡು ಕೋಣೆಗಳಿದ್ದವು. ಹೂವಿನ ಪರದೆ, ಜಗುಲಿ, ಪಟ್ಟಣದವರು ರಜೆಗೆ ಬಂದು ಇರಲಿ ಎಂದು ಹಾಕಿದ ಬೋರ್ಡು. ನಮಗೆ ಆ ಮೆಟ್ಟಿಲು ಹತ್ತುವ ಅಪ್ಪಣೆ ಇರಲಿಲ್ಲ. ಈಗ ಅವನೇ ಕೈಹಿಡಿದು ಹತ್ತಿಸಿದ.

“ನೀವು ಟೂರಿಸ್ಟುಗಳು. ನನ್ ಅತಿಥಿಗಳು. ತಿಳೀತಾ? ಬಾಯಿ ತಪ್ಪಿದ್ರೆ ನನಗೆ ದಂಡ, ನಿಮಗೆ ಗಡೀಪಾರು.”

“ಅತಿಥಿಗಳಾ?” ದೋದೋ ಕೇಳಿದಳು. “ಅಂಗಾದ್ರೆ ಕೇಕು ಎಲ್ಲಿ?”

ಅವನು ಅವಳನ್ನು ಕೊಲ್ಲುವ ಹಾಗೆ ನೋಡಿದ. ಆಮೇಲೆ, “ಹಾಲೀನಾ, ಕೇಕು!” ಎಂದು ಅರಚಿದ.

ದೋದೋ ಒಳಗೆ ಹೋಗಿ ನೇರಳೆ ಬಣ್ಣದ ಮಖಮಲ್ಲು ಉಡುಪು ತೊಟ್ಟು ಬಂದಳು. ವಾರ್ಸಾ ನೋಡಲು ಹೋಗುವ ದಿನಕ್ಕೆಂದು ಚಿಯಾತುರಾದಿಂದ ಹೊತ್ತು ತಂದದ್ದು. ಮೇಜಿನ ತಲೆಗೆ ಕೂತಳು. ಜೌರಿ ಅಣ್ಣ ಮೀಸೆಗೆ ನೀರು ಹಚ್ಚಿ ತೀಡಿಕೊಂಡ. ಉಳಿದವರು ಕಾಲ ಮೇಲೆ ಕಾಲು ಹಾಕಲು ನೋಡಿದೆವು. ಅಭ್ಯಾಸವಿರಲಿಲ್ಲ, ಕಾಲು ಜಾರಿ ಜಾರಿ ಬಿತ್ತು.

ಕಾರು ಬಂತು. ಇಳಿದವರು ಇಬ್ಬರು: ಕನ್ನಡಕದ ಯುವಕನೊಬ್ಬ, ಅವನ ಮೇಲಧಿಕಾರಿಯಾದ ಐವತ್ತರ ಹೆಂಗಸು. ಯುವಕ ಶೈತ್ಯಾಗಾರದ ಕಡೆ ಹೋದ. ಹೆಂಗಸು ಜಗುಲಿಗೆ ಬಂದಳು. ವಾಲ್ದೆಮಾರ್ ಟೈ ಕಟ್ಟಿಕೊಂಡು ಕೆಟಲು ಹಿಡಿದು ನಿಂತಿದ್ದ.

“ಯಜಮಾನ್ರೇ,” ದೋದೋ ಲೋಟ ಮುಂದಕ್ಕೆ ತಳ್ಳಿದಳು, “ಇದು ಟೀನೋ, ಕುದುರೆ ಉಚ್ಚೆನೋ? ಬಿಸಿ ಮಾಡ್ಕೊಂಡ್ ಬನ್ನಿ.”

ಅವನು ಒಳಗೆ ಓಡಿದ. ಬಂದ.

“ಸಕ್ಕರೆ?”

ಮತ್ತೆ ಓಡಿದ.

“ನಮ್ ಅಣ್ಣಂಗೆ ಬೆನ್ನು ನೋವು. ದಿಂಬು ತನ್ನಿ. ಅಯ್ಯೋ, ಇದಲ್ಲ, ಮೆತ್ತಂದು.”

ವಾಲ್ದೆಮಾರ್ ತನ್ನ ಸ್ವಂತ ಕುರ್ಚಿಯ ದಿಂಬು ತಂದು ಜೌರಿ ಅಣ್ಣನ ಬೆನ್ನಿಗೆ ಒತ್ತಿದ. ಜೌರಿ ಕಣ್ಣು ಮುಚ್ಚಿ, “ಸೊಲ್ಪ ಕೆಳಕ್ಕೆ” ಎಂದ.

ನನಗೆ ನಗು ಉಕ್ಕಿ ಕೇಕು ಗಂಟಲಿಗೆ ಸಿಕ್ಕಿತು. ಹೆಂಗಸು ನನ್ನ ಕಡೆ ತಿರುಗಿದಳು. ಅವಳಿಗೂ ನಮ್ಮ ಹಾಗೆ ಶಾಲೆಯ ರಷ್ಯನ್ ಬರುತ್ತಿತ್ತು.

“ಎಲ್ಲಿಂದ ಬಂದಿದೀರಿ?”

“ಜಾರ್ಜಿಯಾದಿಂದ ಮೇಡಂ.”

“ಇಲ್ಲಿ ಏನು ಮಾಡ್ತಾ ಇದೀರಿ?”

“ನೋಡ್ತಾ ಇದೀವಿ.”

“ಏನನ್ನ?”

“ಸೇಬನ್ನ” ಎಂದುಬಿಟ್ಟೆ. ಅವಳ ಕಣ್ಣು ನನ್ನ ಬೆರಳುಗಳ ಮೇಲೆ ನಿಂತಿತು. ಸೊನೆ, ಔಷಧಿ, ಧೂಳು ಮೆತ್ತಿ ಕಪ್ಪಾದ ಬೆರಳು ಒಂದು ಸಲ ಸೋಪು ತಿಕ್ಕಿದರೆ ಹೋಗುತ್ತದೆಯೇ? ಅಲ್ಲಿಂದ ಅವಳ ನೋಟ ಜೌರಿಯ ಕತ್ತಿಗೆ ಹೋಯಿತು. ಚೀಲದ ಪಟ್ಟಿ ಉಜ್ಜಿ ಉಜ್ಜಿ ಅಲ್ಲಿ ಕೆಂಪು ಬರೆ ಎದ್ದಿತ್ತು. ಇವತ್ತು ಸಂಜೆಯೇ ಗಡೀಪಾರಿನ ಬಸ್ಸು ಅಂದುಕೊಂಡೆ. ಮೇಜಿನ ಕೆಳಗೆ ನನ್ನ ಕೈಗಳನ್ನು ಅಡಗಿಸಿದೆ.

ಆಗ ದೋದೋ ಬಟ್ಟಲು ಹಿಡಿದು ಎದ್ದು ನಿಂತಳು.

“ಮೇಡಂ, ನಮ್ಮಲ್ಲಿ ಹರಸದೆ ಕುಡಿಯೋ ಪದ್ಧತಿ ಇಲ್ಲ. ಯಜಮಾನ್ರೇ, ನೀವೂ ನಿಂತ್ಕಳಿ. ಶೀಸೆ ಹಿಡ್ಕಳಿ.” ಹಾಲೀನಾ ತಂದಿಟ್ಟ ಚೆರ್ರಿ ಮದ್ಯದ ಶೀಸೆಯನ್ನು ಅವನ ಕೈಗೆ ಕೊಟ್ಟಳು. ಭೂಮಿಯನ್ನು ಹರಸಿದಳು. ಭೂಮಿಯೊಳಗೆ ಮಲಗಿದ ಹಿರಿಯರನ್ನು ಹರಸಿದಳು. ಹಾಲೀನಾಳ ಕೈಯ ಕೇಕನ್ನು ಹರಸಿದಳು. ವಾಲ್ದೆಮಾರ್ ಶೀಸೆ ಹಿಡಿದು ನಿಂತೇ ಇದ್ದ, ಹಣೆಯ ಬೆವರು ಟೈ ಮೇಲೆ ತೊಟ್ಟಿಕ್ಕುತ್ತಿತ್ತು.

“ಕಡೇದಾಗಿ, ನಮ್ ಯಜಮಾನ್ರಿಗೆ. ದೇವ್ರಂಥೋರು ಮೇಡಂ. ಈ ತೋಟ ನೋಡೀ ನೋಡೀ ನಮಗೆ ಇಲ್ಲೇ ದುಡೀಬೇಕು ಅಂತ ಆಸೆ ಆಗ್ಬುಟ್ಟದೆ. ಕಳ್ಳತನದಾಗಲ್ಲ, ಕಾನೂನು ಪ್ರಕಾರ. ಯಜಮಾನ್ರು ಏನಂದ್ರು ಗೊತ್ತಾ? ಇವತ್ತೇ ನಿಮ್ ಆರು ಜನದ ಹೆಸ್ರೂ ಕಚೇರೀಲಿ ಬರಿಸ್ತೀನಿ ಅಂದ್ರು. ಆದ್ರೆ ಪಾಪ, ಹೆಂಗ್ ಬರಿಸೋದು ಅಂತ ಅವ್ರಿಗೆ ತಿಳೀದಂತೆ. ದೇವ್ರೇ ಕಳಿಸ್ದಂಗೆ ನೀವು ಬಂದ್ರಿ. ಸೊಲ್ಪ ತೋರಿಸ್ಕೊಡ್ತೀರಾ?”

ವಾಲ್ದೆಮಾರನ ಮುಖ ಅವನ ಸೇಬಿಗಿಂತ ಕೆಂಪಾಯಿತು. ಇಲ್ಲ ಎಂದರೆ ಅವನ ಅತಿಥಿಗಳು ಬಾಯಿ ಬಿಡುತ್ತಾರೆ. ಬಾಯಿ ಬಿಟ್ಟರೆ ನಾವೂ ಮುಳುಗುತ್ತೇವೆ. ದೋದೋ ನಮ್ಮನ್ನೂ ಅವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿದ್ದಳು.

ಹೆಂಗಸು ದೋದೋಳ ಮಖಮಲ್ಲನ್ನು ನೋಡಿದಳು. ಅದರ ತೋಳಿನಲ್ಲಿ ಸಿಕ್ಕಿಕೊಂಡಿದ್ದ ಸೇಬಿನ ಎಲೆಯನ್ನು ಎರಡು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗಿಟ್ಟಳು.

“ನಿಮ್ಮ ಕಂಪ್ಯೂಟರ್ ಎಲ್ಲಿದೆ?” ಎಂದು ವಾಲ್ದೆಮಾರನನ್ನು ಕೇಳಿದಳು.

ಕೆಟ್ಟಿದೆಯೆಂದ ಕಂಪ್ಯೂಟರು ಚೆನ್ನಾಗಿಯೇ ಇತ್ತು. ಅವಳು ಪಕ್ಕದಲ್ಲಿ ನಿಂತಳು, ಅವನು ಒಂದೇ ಬೆರಳಲ್ಲಿ ಕುಟ್ಟಿದ. ನಮ್ಮ ಹೆಸರುಗಳೂ ನಮ್ಮ ಪರವಾಗಿಯೇ ನಿಂತವು. ಜೌರಿ ಅಣ್ಣನ ಮನೆತನದ ಹೆಸರು ಮ್ಗೆಬ್ರಿಶ್ವಿಲಿ. ವಾಲ್ದೆಮಾರ್ ಅದನ್ನು ಮೂರು ಸಲ ತಪ್ಪಿದ. ಪ್ರತಿ ಸಲವೂ ಜೌರಿ ಬಾಗಿ, ಮೆಲ್ಲಗೆ, “ಅಲ್ಲ ಯಜಮಾನ್ರೇ, ಮ್ಗೆ, ಮ್ಗೆ” ಎಂದ.

ಶೈತ್ಯಾಗಾರದಿಂದ ಬಂದ ಯುವಕನನ್ನು ಕಾರಿಗೆ ಕಳಿಸಿ, ಹೊರಡುವಾಗ ಹೆಂಗಸು, “ನೋಂದಣಿ ಆಗೋಕೆ ಒಂದು ವಾರ ಹಿಡೀಬಹುದು. ಅಲ್ಲೀವರೆಗೆ ಇವರು ಒಂದು ಹಣ್ಣನ್ನೂ ಮುಟ್ಟೋ ಹಾಗಿಲ್ಲ. ನಾನು ಈ ದಾರೀಲಿ ಓಡಾಡ್ತಾ ಇರ್ತೀನಿ” ಎಂದಳು. ಅದನ್ನು ಅವನಿಗೆ ಹೇಳಿದಳೋ ನಮಗೆ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ.

ಕಾರು ತಿರುವಿನಲ್ಲಿ ಮರೆಯಾಗುವವರೆಗೆ ವಾಲ್ದೆಮಾರ್ ನಗುತ್ತಾ ಕೈ ಬೀಸಿದ. ಬೀಸಿದ ಕೈಯಲ್ಲೇ ಟೈ ಕಿತ್ತೆಸೆದ.

“ಏಳ್ರೇ ಸೂಳೇರಾ! ನನ್ ಮನೇಲೇ ನನ್ನ ಕೋತಿ ಕುಣಿಸ್ದಂಗೆ ಕುಣಿಸ್ತೀರಾ? ನಡೀರಿ ತೋಟಕ್ಕೆ! ಕತ್ಲಾಗೋ ಮುಂಚೆ ಈ ಸಾಲು ಮುಗೀಬೇಕು!”

ಯಾರೂ ಏಳಲಿಲ್ಲ. ದೋದೋ ಉಳಿದ ಕೇಕು ಬಾಯಿಗೆ ಹಾಕಿಕೊಂಡಳು.

“ಮೇಡಂ ಏನಂದ್ರು ಕೇಳಿಸ್ಲಿಲ್ವಾ? ವಾರ ಮುಟ್ಟಂಗಿಲ್ಲ. ನಾನು ಮುದುಕಿ ಯಜಮಾನ್ರೇ, ಕಾನೂನು ಅಂದ್ರೆ ಬೋ ಹೆದ್ರಿಕೆ.”

“ಗೇಯದೋರಿಗೆ ಕೂಳಿಲ್ಲ! ಶೆಡ್ಡೂ ಇಲ್ಲ!”

“ಆಯ್ತು. ರಸ್ತೇಲಿ ಕುಂತಿರ್ತೀವಿ. ಮೇಡಂ ಓಡಾಡ್ತಾ ಇರ್ತೀನಿ ಅಂದ್ರಲ್ಲ, ಮಾತಾಡಕ್ಕೆ ಒಬ್ರು ಸಿಕ್ದಂಗಾಯ್ತು.”

ಶೆಡ್ಡಿನ ಬಾಗಿಲು ತೆರೆದೇ ಉಳಿಯಿತು. ಕೂಳು ಮಾತ್ರ ನಿಂತಿತು. ಹಾಲೀನಾ ಹಂದಿಗಳಿಗೆಂದು ಬೇಯಿಸಿದ ಆಲೂಗಡ್ಡೆಯ ಬಕೆಟ್ಟನ್ನು ದಿನವೂ ನಮ್ಮ ಬಾಗಿಲಲ್ಲಿ ‘ಮರೆತು’ ಹೋಗತೊಡಗಿದಳು. ನಾವು ಖಾಲಿ ಕ್ರೇಟುಗಳನ್ನು ಬೋರಲು ಹಾಕಿ ಸಾಲಾಗಿ ಕೂತು, ಸಿಪ್ಪೆ ಸುಲಿದು ತಿಂದು, ಬಿಸಿಲು ಕಾಯಿಸಿಕೊಂಡೆವು. ಎದುರಿಗೆ ಹಣ್ಣು ಕಳಿತು ಒಂದೊಂದಾಗಿ ಉದುರುತ್ತಿತ್ತು. ಜೌರಿ ಅಣ್ಣ ಪ್ರತಿ ಸದ್ದಿಗೂ ಬೆಚ್ಚುತ್ತಿದ್ದ. “ಪಾಪ ಅನ್ನಿಸ್ತದೆ ಕಣಕ್ಕ, ಹಣ್ಣು ಏನ್ ಮಾಡಿತ್ತು” ಎನ್ನುತ್ತಿದ್ದ.

ಹಣ್ಣು ಹಾಳುಮಾಡುವ ಹಿಮ ಬೀಳುತ್ತದೆಂಬ ಸುದ್ದಿ ರೇಡಿಯೋದಲ್ಲಿ ಬಂದ ಬೆಳಿಗ್ಗೆ ವಾಲ್ದೆಮಾರ್ ತಾನೇ ಏಣಿ ಹತ್ತಿದ. ಚೀಲ ಅವನ ಹೊಟ್ಟೆಯ ಮೇಲೆ ಕೂರಲೊಲ್ಲದು. ತುದಿಗೇರಿದವನು ದಾರಿಯ ಕಡೆ ನೋಡಿ ಇದ್ದಕ್ಕಿದ್ದಂತೆ ಗಹಗಹಿಸಿದ.

“ಬಂದ್ರು! ಬಂದ್ರು ನೋಡ್ರಿ! ನೀವು ಅಲ್ಲೇ ಕುಂತು ಸಾಯ್ರಿ!”

ಅವನ ಭಾವಮೈದ ಓಡಿಸುತ್ತಿದ್ದ ವ್ಯಾನು ಅಂಗಳಕ್ಕೆ ಬಂತು. ಬಸ್ ನಿಲ್ದಾಣದಿಂದ ತುಂಬಿಕೊಂಡು ಬಂದ ಹೊಸ ಜನ ಇಳಿದರು. ಮಾಲ್ಡೋವಾದವರು, ಏಳೆಂಟು ಮಂದಿ, ಚೌಕಳಿ ಚೀಲಗಳು, ನಿದ್ದೆಗೆಟ್ಟ ಕಣ್ಣು. ನಮ್ಮ ಕಾಗದ ಇನ್ನೂ ಬಂದಿರಲಿಲ್ಲ. ಬರದಿದ್ದರೂ ಇನ್ನು ಅವನಿಗೆ ನಷ್ಟವಿಲ್ಲ.

ದೋದೋ ಎದ್ದು ಹೋದಳು. ಮುಂದೆ ನಿಂತಿದ್ದ ಶಾಲಿನ ಹೆಂಗಸನ್ನು ರಷ್ಯನ್ನಿನಲ್ಲಿ ಕೇಳಿದಳು, “ಏನವ್ವಾ, ಕೆಲ್ಸಕ್ಕಾ? ಕಾಗದ ಮಾಡಿಸವ್ನಾ?”

“ಬಂದ್ಮ್ಯಾಲೆ ಮಾಡಿಸ್ತೀನಿ ಅಂದ.”

ದೋದೋ ನಗಲಿಲ್ಲ. ಒಂದು ಕ್ರೇಟನ್ನು ಎಳೆದು ಬೋರಲು ಹಾಕಿ, ಇನ್ನೂ ಅತಿಥಿಯೆಂದು ತೊಟ್ಟೇ ಇದ್ದ ಮಖಮಲ್ಲಿನ ತುದಿಯಿಂದ ಧೂಳು ಒರೆಸಿದಳು. “ಅಂಗಾದ್ರೆ ಕುಂತ್ಕೋ. ನಾವೂ ಅದಕ್ಕೇ ಕಾಯ್ತಾ ಇವ್ವಿ.”

ಹೆಂಗಸು ಏಣಿಯ ಮೇಲಿದ್ದವನನ್ನು ನೋಡಿದಳು. ನಮ್ಮನ್ನು ನೋಡಿದಳು. ಅವಳ ಜನ ಅವಳನ್ನೇ ನೋಡುತ್ತಿದ್ದರು. ಅವಳು ಚೀಲ ಇಳಿಸಿ, ಸೊಂಟಕ್ಕೆ ಕೈಕೊಟ್ಟು, “ಅಮ್ಮಾ” ಎಂದು ನಿಟ್ಟುಸಿರಿಡುತ್ತಾ ಕೂತಳು. ಒಬ್ಬೊಬ್ಬರೇ ಚೀಲ ಇಳಿಸಿದರು.

“ಏಯ್! ಏಯ್! ಅಲ್ಲಿ ಕೂರ್ಬ್ಯಾಡ್ರಿ! ಆ ಹಾದರಗಿತ್ತಿ ಮಾತು ಕೇಳ್ಬ್ಯಾಡ್ರಿ!” ವಾಲ್ದೆಮಾರ್ ಗಡಬಡಿಸಿ ಇಳಿಯಲು ಹೋದ. ಒದ್ದೆ ಹುಲ್ಲಿನಲ್ಲಿ ಏಣಿಯ ಕಾಲು ಜಾರಿತು. ಅವನು ಎರಡು ಕೈಯಲ್ಲೂ ಕೊಂಬೆ ತಬ್ಬಿಕೊಂಡ. ಚೀಲದ ಸೇಬೆಲ್ಲ ದಡದಡ ಉರುಳಿತು. “ಏಣಿ! ಏಣಿ ಹಿಡ್ಕಳ್ರೋ ಯಾರಾದ್ರೂ!”

ಭಾವಮೈದ ವ್ಯಾನು ನಿಲ್ಲಿಸಲು ಹಿತ್ತಲಿಗೆ ಹೋಗಿದ್ದ. ಜೌರಿ ಅಣ್ಣ ಅಭ್ಯಾಸಬಲದಿಂದ ಅರ್ಧ ಎದ್ದ. ದೋದೋ ಅವನ ತೋಳು ಹಿಡಿದಳು.

“ತಾಳು. ಯಜಮಾನ್ರೇ,” ಕತ್ತೆತ್ತಿ ವಿನಯದಿಂದಲೇ ಕೇಳಿದಳು, “ಏಣಿ ಹಿಡಿಯೋದು ಕೆಲ್ಸದ ಲೆಕ್ಕಕ್ಕೆ ಬತ್ತದೋ, ಬರಲ್ವೋ?”

ಕೊಂಬೆ ಚಟಚಟ ಎಂದಿತು. ಮಾಲ್ಡೋವಾದ ಹೆಂಗಸು ಗಂಟು ಬಿಚ್ಚಿ ರೊಟ್ಟಿ, ಕುರಿಹಾಲಿನ ಗಿಣ್ಣು ತೆಗೆದು, ಎಲ್ಲರಿಗೂ ಬರಲಿ ಎಂದು ತೆಳ್ಳಗೆ ಹೆಚ್ಚತೊಡಗಿದಳು.