ಲಂಡನ್ ಮರ್ಯಾದೆ

ಹಾಡುವವನನ್ನು ಕೇಳುವವರು ಊರ ತುಂಬ ಸಿಗುತ್ತಾರೆ, ತುಂತುಣಿ ಕೇಳುವವರೇ ಬೇರೆ ಎಂದು ನಾವು ಜಂಬ ಕೊಚ್ಚಿಕೊಳ್ಳುತ್ತಿದ್ದೆವು. ನಾವು ಎಂದರೆ ಶಲವಡಿಯ ಮೂವರು. ಎಂಬತ್ತು ಎಕರೆ ಎರಿ ಹೊಲದ ಮನೆಯ ಶಂಭುಲಿಂಗಪ್ಪ, ಹಡಗಿನಲ್ಲಿ ಖಲಾಸಿಯಾಗಿ ದುಡಿದು ಬಂದ ಇಮಾಮುದ್ದೀನ, ಮತ್ತೆ ಜವಳಿ ಅಂಗಡಿಯ ಈರಪ್ಪ, ಅಂದರೆ ನಾನು. ಇಮಾಮುದ್ದೀನನ ಅಣ್ಣ ಅಲ್ಲಾಸಾಬನ ಚಹಾದಂಗಡಿಯ ಬೆಂಚೇ ನಮ್ಮ ಬೈಠಕ್ಕಿನ ಜಾಗ.

ಗೀಗೀ ಮೇಳದಲ್ಲಿ ನಾಲ್ಕು ಮಂದಿ. ಮುಂದೆ ದಪ್ಪು ಹಿಡಿದು ಹಾಡುವವ, ಹಿಂದೆ ತಾಳದವ, ದನಿಗೂಡಿಸುವವ, ತುಂತುಣಿಯವ. ಎರಡು ಮೇಳಗಳು ಎದುರುಬದುರು ನಿಂತು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ಜಗಳಾಡುತ್ತವೆ. ತುಂತುಣಿಗೆ ಇರುವುದು ಒಂದೇ ತಂತಿ. ಅದು ಸರಿಯಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಿದರೆ ಇಡೀ ಮೇಳ ಕುಸಿದು ಬೀಳುತ್ತದೆ. ಇದನ್ನು ಅರಿತವರು ತಾಲೂಕಿನಲ್ಲಿ ನಾವು ಮೂವರೇ ಎಂದು ನಮ್ಮ ನಂಬಿಕೆ.

ಶಂಭುಲಿಂಗಪ್ಪನಿಗೆ ನವಲಗುಂದದ ಹುಲಿಗೆಪ್ಪನೇ ದೊಡ್ಡವ. ಯಮನೂರಿನಲ್ಲಿ ಹುಲಿಗೆಪ್ಪನ ತಂತಿ ನಡುವೆ ಕಡಿದಾಗ ಬರೀ ತುಂತುಣಿಯ ಬುರುಡೆ ಬಡಿದೇ ಪದ ಮುಗಿಸಿದ್ದನ್ನು ಅವನು ನೂರು ಸಲ ಹೇಳಿದ್ದ. ನನಗೆ ನಮ್ಮೂರ ಕನಕಪ್ಪನೇ. ಊರ ಹೊರಗಿನ ಕೇರಿಯವನು, ಕೂಲಿ ಮಾಡುವವನು. ಅವನ ತುಂತುಣಿ ಕೇಳಲು ನಾನು ಬಿಸಿಲಲ್ಲಿ ಹತ್ತು ಮೈಲಿ ನಡೆದದ್ದುಂಟು. ಅವನ ಮೇಲೆ ನನಗಿದ್ದದ್ದು ಪ್ರೀತಿಯೇ, ಇದರಲ್ಲಿ ಸುಳ್ಳಿಲ್ಲ. ಆದರೆ ಅವನು ಚಹಾದಂಗಡಿಗೆ ಬಂದರೆ ಹೊರಗಿನ ಗೂಡಿನಲ್ಲಿ ಇಟ್ಟ ತನ್ನ ಕಪ್ಪು ತಾನೇ ತೆಗೆದುಕೊಂಡು ಬೇವಿನ ಗಿಡದ ಬುಡಕ್ಕೆ ಕೂಡುತ್ತಿದ್ದ. ನಾವು ಬೆಂಚಿನಿಂದಲೇ, "ಕನಕ್ಯಾ, ಆವತ್ತ ಏನ್ ಬಾರಿಸಿದ್ಯೋ" ಅನ್ನುತ್ತಿದ್ದೆವು. ಬೆಂಚಿಗೆ ಬಾ ಅಂದವರಿಲ್ಲ.

ಎಂಬತ್ತನಾಲ್ಕರ ಮಾಘದಲ್ಲಿ ಇಮಾಮುದ್ದೀನ ಲಂಡನ್ನಿನ ಕಥೆ ಹೇಳಿದ. ಆರು ವರ್ಷದ ಹಿಂದೆ ಅವನ ಹಡಗು ಅಲ್ಲಿ ದುರಸ್ತಿಗೆ ನಿಂತಾಗ ಜೊತೆಯ ಖಲಾಸಿಯೊಬ್ಬ ಅವನನ್ನು ಸೆರೆಯಂಗಡಿಯ ಕೆಳಗಿನ ನೆಲಮಾಳಿಗೆಗೆ ಕರೆದುಕೊಂಡು ಹೋಗಿದ್ದನಂತೆ.

"ಪಂಕ್ ಅಂತಾರ ಅದಕ್ಕ. ಹರಕ ಅಂಗಿ, ಕಿವಿಗೆ ಪಿನ್ನ. ಹಾಡಲ್ಲ, ಬೈಗಳಾನ. ಸರಕಾರಕ್ಕ ಬೈತಾರ, ಸಾವಕಾರಗ ಬೈತಾರ, ನಿಂತು ಕೇಳವ್ರಿಗೂ ಬೈತಾರ. ಅಗದಿ ನಮ್ಮ ಗೀಗೀ ಇದ್ದಂಗ."

"ತುಂತುಣಿ?" ಎಂದೆ ನಾನು.

"ಅದನ್ನ ಹೇಳಾಕ ಹತ್ತೀನಿ ತಡಿ. ಅವರ ತುಂತುಣಿಗೆ ನಾಕ ತಂತಿ. ಬೇಸ್ ಗಿಟಾರ ಅಂತಾರ. ಅದರ ಸಪ್ಪಳ ಕಿವ್ಯಾಗ ಅಲ್ಲ, ಹೊಟ್ಟ್ಯಾಗ ಕೇಳತೈತಿ. ಬಾರಸಾವ ಒಬ್ಬ ಒಣಕಲ ಹುಡುಗ. ಕಾಲು ಅಗಲ ಮಾಡಿ ನಿಂತು ಹಿಂಗ ತಂತಿ ಹೊಡದ ಅಂದ್ರ ಗ್ವಾಡಿ ನಡಗತಿತ್ತು. ಮುಂದ ನಿಂತವ್ರೆಲ್ಲಾ ಅಂವನ ಮ್ಯಾಲ ಉಗುಳಿದ್ರು."

"ಯಾಕ, ತಪ್ಪು ಬಾರಿಸಿದ್ನ?"

"ಪಿರೂತಿಗೆ ಲೇ. ಮೆಚ್ಚಿದವನ ಮ್ಯಾಲ ಉಗುಳೂದು ಅವರ ಪದ್ಧತಿ. ಅಂವನೂ ಬಿಡಲಿಲ್ಲ, ಇವರ ಮಾರಿಗೆ ತಿರುಗಿ ಉಗುಳಿದ. ಎಲ್ಲಾರೂ ಒಂದ ಓಣಿ ಹುಡುಗ್ರು, ನಕ್ಕೋತ ಒರಿಸಿಕೊಂಡ್ರು."

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಶಂಭುಲಿಂಗಪ್ಪ ಮಾತ್ರ ನಗು ಮುಗಿದ ಮೇಲೂ ಎಲೆ ಅಡಿಕೆ ಜಗಿಯುತ್ತ ಏನೋ ಯೋಚಿಸುತ್ತಿದ್ದ.

ಯುಗಾದಿಯ ಮರುದಿನ ಮಧ್ಯಾಹ್ನ ಊರ ಸಾಲಿಯ ಮುಂದೆ ನಮ್ಮ ಮೇಳಕ್ಕೂ ನವಲಗುಂದದ ಮೇಳಕ್ಕೂ ಸವಾಲು ಎಂದು ನಿಗದಿಯಾಯಿತು. ಸವಾಲಿನ ಹಿಂದಿನ ದಿನ ಕನಕಪ್ಪ ಚಹಾದಂಗಡಿಗೆ ಬಂದು, ಕಪ್ಪು ಮುಟ್ಟದೆ, ಕೈಕಟ್ಟಿ ನಿಂತ. ಇಮಾಮುದ್ದೀನ ಅಂದು ಇರಲಿಲ್ಲ, ಹುಬ್ಬಳ್ಳಿಗೆ ಹೋಗಿದ್ದ.

"ಸಾವಕಾರ್ರ, ಒಂದ ಮಾತಿತ್ರಿ. ನಮ್ಮ ಮಾದೇವಿನ್ನ ಕೇಳಾಕ ಕುಂದಗೋಳ ಕಡಿಂದ ಬೀಗರು ಬರಾಕ ಹತ್ಯಾರ. ಉಡಚಪ್ಪ ಮಾಸ್ತರ ಅಂತ, ಸಾಲಿ ಕಲಸವ್ರು. ಹುಡುಗಗೂ ನೌಕರಿ ಐತಿ. ನಮ್ಮಂಥಾವ್ರಿಗೆ ಅಂಥಾ ಮನಿ ಸಿಗೂದಿಲ್ರಿ. ಹುಡುಗಿ ಅಪ್ಪ ಏನ ಮಾಡತಾನ ಅಂತ ಕೇಳಿದ್ರ ಕೂಲಿ ಅನ್ನೂದ ಹೆಂಗ? ಅದಕ್ಕ ಸವಾಲಿಗೇ ಕರದೇನ್ರಿ. ನೀವು ಮುಂದ ಕುಂತು ಒಂದೀಟ ಶಾಬಾಸ್ ಅಂದ್ರ ಬೀಗರ ಮುಂದ ನನ್ನ ಮರ್ಯಾದಿ ಉಳಿತೈತ್ರಿ."

ಅಲ್ಲಿಯ ತನಕ ಅವನು ನಮ್ಮನ್ನು ಏನನ್ನೂ ಬೇಡಿರಲಿಲ್ಲ. ಶಂಭುಲಿಂಗಪ್ಪ ಬಾಯಲ್ಲಿದ್ದ ಎಲೆಯನ್ನು ಒಂದು ಗಲ್ಲಕ್ಕೆ ದೂಡಿ ಹೇಳಿದ:

"ಶಾಬಾಸ್ ಯಾರರೆ ಅಂತಾರ. ನಿನಗ ನಾವು ಲಂಡನ್ ಮರ್ಯಾದಿ ಮಾಡತೀವಿ. ಈರ್ಯಾ, ಹೇಳ ಅವಗ."

ನಾನು ಹೇಳಿದೆ. ಲಂಡನ್ನಿನಲ್ಲಿ ದೊಡ್ಡ ದೊಡ್ಡ ತುಂತುಣಿಯವರ ಮೇಲೆ ಮೆಚ್ಚಿದ ಜನ ಉಗುಳುತ್ತಾರೆ, ಇದಕ್ಕಿಂತ ದೊಡ್ಡ ಮಾನ ಇಲ್ಲ ಎಂದೆ. ಆ ಹುಡುಗ ತಿರುಗಿ ಉಗುಳಿದ ಅನ್ನುವ ಅರ್ಧವನ್ನು ನುಂಗಿಕೊಂಡೆ. ಮರೆತು ಬಿಟ್ಟದ್ದಲ್ಲ. ಕನಕಪ್ಪನ ಮುಖದಲ್ಲಿ ಒಮ್ಮೆ ಕತ್ತಲೆ ಸುಳಿಯಿತು, ಆಮೇಲೆ ನಮ್ಮ ಮುಖ ನೋಡಿ ನಕ್ಕ. ಚ್ಯಾಷ್ಟಿ ಮಾಡುತ್ತಿದ್ದೇವೆ ಎಂದೇ ತಿಳಿದಿರಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಗಾದೆ ನನಗೆ ಆಗಲೂ ಗೊತ್ತಿತ್ತು.

ಮರುದಿನ ಕನಕಪ್ಪ ನನ್ನ ಅಂಗಡಿಯಲ್ಲೇ ಕೊಂಡ ಬಿಳಿ ಬಟ್ಟೆಯ ಹೊಸ ಅಂಗಿ ತೊಟ್ಟು, ಹಳದಿ ಪಟಕಾ ಸುತ್ತಿ ನಿಂತಿದ್ದ. ಹೆಂಡತಿ ಬಸವಣ್ಣೆವ್ವ ಬೀಗರಿಗೆಂದು ಹೋಳಿಗೆ ಮಾಡಿಟ್ಟು ಮಗಳ ಜೊತೆ ಹಿಂದೆ ಬಂದು ನಿಂತಿದ್ದಳು. ಅವರ ಬಾಜೂಕೆ ಇಸ್ತ್ರಿ ಅಂಗಿಯ, ಕನ್ನಡಕದ ಒಬ್ಬ ಎತ್ತರದ ಆಸಾಮಿ ಹೆಂಡತಿಯೊಡನೆ ನಿಂತಿದ್ದ. ಅವರೇ ಉಡಚಪ್ಪ ಮಾಸ್ತರ.

ನಮ್ಮ ಮೇಳದಲ್ಲಿ ಮುಂದೆ ನಿಂತು ಹಾಡುವವನು ಮಡಿವಾಳೆಪ್ಪ, ನಮ್ಮವನೇ, ಶಂಭುಲಿಂಗಪ್ಪನ ದೊಡ್ಡಪ್ಪನ ಮಗ. ಅವತ್ತು ಕನಕಪ್ಪ ಬಾರಿಸಿದ ಹಾಗೆ ಹಿಂದೆಂದೂ ಬಾರಿಸಿರಲಿಲ್ಲ. ಎದುರು ಮೇಳದ ಹುಲಿಗೆಪ್ಪನೇ ತನ್ನ ಕೈ ನಿಲ್ಲಿಸಿ ಕೇಳುತ್ತಿದ್ದ. ನನ್ನ ಮೈಮೇಲೆ ಮುಳ್ಳು ಎದ್ದವು. ಆಗ ಶಂಭುಲಿಂಗಪ್ಪ ಎದ್ದು, ನಾಲ್ಕು ಹೆಜ್ಜೆ ಮುಂದೆ ಹೋಗಿ, ಬಾಯಿ ತುಂಬ ಇದ್ದ ಎಲೆರಸವನ್ನು ಕನಕಪ್ಪನ ಎದೆಗೆ ಉಗುಳಿದ.

ಬಿಳಿ ಅಂಗಿ ಕೆಂಪಾಯಿತು. ಅವನ ಹಿಂದೆ ಇನ್ನೂ ಮೂರು ಜನ ಹೋದರು. ಆಮೇಲೆ ನಾನು ಹೋದೆ. ನನ್ನನ್ನು ಯಾರೂ ದೂಡಲಿಲ್ಲ. ನಾನು ಉಗುಳಿದ್ದು ಅವನ ಗಲ್ಲಕ್ಕೆ ಬಿತ್ತು. ಅವನು ಕಣ್ಣು ತೆರೆದು ನನ್ನನ್ನು ನೋಡಿದ, ಯಾರನ್ನೋ ಗುರುತು ಹಿಡಿಯುವವನ ಹಾಗೆ.

"ಲಂಡನ್ ಮರ್ಯಾದಿ ಕನಕ್ಯಾ, ತಂತಿ ಬಿಡಬ್ಯಾಡ," ಎಂದೆ.

ಅವನು ನಕ್ಕ. ಗಲ್ಲದ ಮೇಲಿನದು ಜಾರಿ ಕೊರಳಿಗೆ ಇಳಿಯುತ್ತಿತ್ತು, ಎರಡೂ ಕೈ ತುಂತುಣಿಯ ಮೇಲಿದ್ದವು, ಹಲ್ಲು ಬಿಟ್ಟು ನಕ್ಕ. ಪದ ಮುಗಿಯುವವರೆಗೂ ನಕ್ಕ. ಒಂದು ಹೊಡೆತವೂ ತಪ್ಪಲಿಲ್ಲ. ಜನರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಉಡಚಪ್ಪ ಮಾಸ್ತರರು ಪದ ಮುಗಿಯುವ ತನಕ ನೋಡಿ, ಹೆಂಡತಿಗೆ ಏನೋ ಹೇಳಿ, ಹೋಳಿಗೆ ಉಣ್ಣದೆ ಮೂರು ಗಂಟೆಯ ಬಸ್ಸಿಗೆ ಹೋದರು.

ಐದನೆಯ ದಿನ ಕನಕಪ್ಪ ನನ್ನ ಅಂಗಡಿಯ ಮೆಟ್ಟಿಲ ಕೆಳಗೆ ಬಂದು ನಿಂತ. ಸಂಬಂಧ ಬೇಡ ಎಂದು ಬೀಗರು ಹೇಳಿ ಕಳಿಸಿದ್ದರು.

"ನೀವೊಬ್ರು ಬಂದು ಹೇಳ್ರಿ ಸಾವಕಾರ್ರ. ಅದು ಮರ್ಯಾದಿ ಅಂತ ಹೇಳ್ರಿ. ನಿಮ್ಮಂಥಾವ್ರು ಹೇಳಿದ್ರ ನಂಬತಾರ. ಹುಡುಗಿ ನಾಕ ದಿನ ಆತು, ಕೂಳು ಮುಟ್ಟಿಲ್ರಿ."

ನಾನು ಒಪ್ಪಿದೆ. ಮನಸ್ಸು ಕರಗಿತೆಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಕೆಡಿಸಿದ್ದನ್ನು ಒಂದು ಬಸ್ ಪ್ರಯಾಣದಲ್ಲಿ ಸರಿಮಾಡಿ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಆಸೆ.

ಮಾಸ್ತರರ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಅದರ ಪಕ್ಕ ಬುದ್ಧನದು. ನಮ್ಮಿಬ್ಬರಿಗೂ ಒಂದೇ ಥರದ ಕುರ್ಚಿ ಹಾಕಿದರು. ಕನಕಪ್ಪ ನನ್ನ ಸಮ ಕೂಡಲಾರದೆ ಅಂಚಿನಲ್ಲಿ ಕುಂಡೆ ಊರಿದ. ಒಂದೇ ಥರದ ಕಪ್ಪಿನಲ್ಲಿ ಚಹಾ ಬಂತು. ಬರುವಾಗಲೇ ಕುಡಿದೆನೆಂದು ನಾನು ಅದನ್ನು ಕೆಳಗಿಟ್ಟೆ. ಮಾಸ್ತರರು ಅದನ್ನು ನೋಡಿದರು.

ನಾನು ಎಲ್ಲ ಹೇಳಿದೆ. ಲಂಡನ್, ಪಂಕ್, ನಾಲ್ಕು ತಂತಿಯ ಗಿಟಾರು, ಮೆಚ್ಚಿದವನ ಮೇಲೆ ಉಗುಳುವ ಪದ್ಧತಿ. ಕನಕಪ್ಪನಂಥ ತುಂತುಣಿಯವ ಜಿಲ್ಲೆಯಲ್ಲಿ ಇಲ್ಲ ಎಂದೆ. ಅದಂತೂ ನಿಜವಿತ್ತು. ಅವರು ಹುಡುಗರ ಪಾಠ ಒಪ್ಪಿಸಿಕೊಳ್ಳುವವರ ಹಾಗೆ ಕೇಳಿದರು.

"ಮೇಳದಾಗ ನಾಕ ಮಂದಿ ಇದ್ರಲ್ರಿ. ಮುಂದ ಹಾಡವ್ರು ಯಾರು?"

"ಮಡಿವಾಳೆಪ್ಪ ಅಂತ್ರಿ. ನಮ್ಮ ಪೈಕಿ."

"ಚಲೋ ಹಾಡತಾರ. ಅವರ ಮ್ಯಾಲ ಒಂದ ಹನಿ ಬಿದ್ದಿದ್ದು ನಾ ನೋಡಲಿಲ್ಲ."

ಗುರಿ ಅಷ್ಟು ನೆಟ್ಟಗಿತ್ತು ಎಂದು ನನಗೂ ಆಗಲೇ ತಿಳಿದದ್ದು.

"ಇರಲಿ. ಆ ಲಂಡನ್ನಿನ ಹುಡುಗ ಏನ ಮಾಡಿದ? ಅವನೂ ಹಲ್ಲ ಕಿಸದು ನಿಂತಿದ್ನ?"

ಸುಳ್ಳು ಹೇಳಬಹುದಿತ್ತು. ಕನಕಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ. ಮಾಸ್ತರರ ಕನ್ನಡಕದ ಮುಂದೆ ನಾಲಿಗೆ ತಿರುಗಲಿಲ್ಲ.

"ತಿರುಗಿ ಉಗುಳಿದ್ನಂತ್ರಿ."

ಕನಕಪ್ಪನಿಗೆ ಇದು ಹೊಸದು. ಅವನು ಮೆಲ್ಲಗೆ ತಲೆ ತಗ್ಗಿಸಿದ. ಮಾಸ್ತರರು ಎದ್ದು ನಿಂತರು.

"ಹಂಗಾರ ಅರ್ಧಾನ ಆಗೇತಿ ಮರ್ಯಾದಿ. ಪೂರಾ ಆಗಲಿ. ಕನಕಪ್ಪಾರ, ಏಳ್ರಿ. ಇವರು ನಿಮ್ಮನ್ನ ಮೆಚ್ಚಿದವ್ರು, ಇಷ್ಟ ದೂರ ನಿಮ್ಮ ಸಲುವಾಗಿ ಬಂದಾರ. ಇವರ ಮಾರಿಗೆ ಉಗುಳ್ರಿ. ಇವರು ನಕ್ಕು ಒರಿಸಿಕೊಂಡ್ರ ನಾಳೇನ ಲಗ್ನದ ನಿಶ್ಚೆ ಮಾಡೂಣು, ಬುದ್ಧನ ಆಣಿ."

ನಾನೂ ಎದ್ದೆ. ಒಂದು ಹುಡುಗಿಯ ಬದುಕು ನನ್ನ ಗಲ್ಲದ ಮೇಲೆ ನಿಂತಿತ್ತು. ಉಗುಳಿಸಿಕೊಳ್ಳಬೇಕು, ನಗಬೇಕು, ಅಷ್ಟೇ. ನಗುತ್ತೇನೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಮುಖಕ್ಕೆ ನಗುವನ್ನೂ ತಂದುಕೊಂಡೆ. ಕನಕಪ್ಪ ನನ್ನೆದುರು ಬಂದು ನಿಂತ. ಇಷ್ಟು ಹತ್ತಿರ ನಾವು ಎಂದೂ ನಿಂತಿರಲಿಲ್ಲ. ಅವನ ಬಾಯಿ ತೆರೆಯಿತು.

ನನ್ನ ಬಲಗೈ ಅವನಿಗೆ ಹೊಡೆಯಲು ಮೇಲೆದ್ದಿತ್ತು. ನಾನು ಎತ್ತಿದ್ದಲ್ಲ ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಆದರೆ ಕೈ ಯಾರದು?

ಕನಕಪ್ಪ ಆಗಲೇ ಮೊಣಕೈ ಅಡ್ಡ ಹಿಡಿದು ತಲೆ ಕಾಯ್ದುಕೊಂಡಿದ್ದ. ಅದರ ಸಂದಿನಿಂದ ಹೇಳಿದ:

"ನಾ ಒಲ್ಲೆ ಅನ್ನಾಕ ಬಾಯಿ ತೆರದಿದ್ನಿರಿ, ಸಾವಕಾರ್ರ."

ಒಳಗೆ ಸ್ಟೋವಿನ ಸಪ್ಪಳ ನಿಂತಿತು. ಮಾಸ್ತರರು ನನ್ನ ಕೈ ಇಳಿಯುವ ತನಕ ಕಾದು, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಕನಕಪ್ಪನಿಗೆ ಹೇಳಿದರು.

"ನಿಮ್ಮ ಹುಡುಗಿದು ತಪ್ಪಿಲ್ಲ. ಉಗುಳಿದ್ದು ನಿಮ್ಮ ತಪ್ಪಲ್ಲ ಅಂತನೂ ನನಗ ಗೊತ್ತೈತಿ. ಆದರ ನೀವು ನಕ್ಕಿದ್ದು ನಾ ಕಣ್ಣಾರೆ ನೋಡೇನಿ. ನಾಳೆ ನನ್ನ ಮೊಮ್ಮಕ್ಕಳು ಆ ನಗೂ ಕಲೀಬಾರದು. ಸಿಟ್ಟಾಗಬ್ಯಾಡ್ರಿ, ಹೋಗಿ ಬರ್ರಿ."

ಕನಕಪ್ಪ ಎರಡೂ ಕಪ್ಪುಗಳನ್ನು ತೆಗೆದುಕೊಂಡು ತೊಳೆಯಲು ಹೊರಟ. ಮಾಸ್ತರರ ಹೆಂಡತಿ ಅವನ ಕೈಯಿಂದ ಅವನ್ನು ಕಸಿದುಕೊಂಡರು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆವು. ಕಿಟಕಿಯ ಪಕ್ಕ ನನಗೆ ಜಾಗ ಸಿಕ್ಕಿತು. ಕನಕಪ್ಪ ನನ್ನ ಮುಂದಿನ ಕಂಬಿ ಹಿಡಿದು ನಿಂತಿದ್ದ. ಅವನ ಬೆರಳು ತನಗೇ ಗೊತ್ತಿಲ್ಲದಂತೆ ಆ ಕಂಬಿಯ ಮೇಲೆ ತಾಳ ಹಾಕುತ್ತಿತ್ತು, ಒಂದು ಹೊಡೆತವೂ ತಪ್ಪದೆ. ಇಂಥ ತುಂತುಣಿಯವ ಮತ್ತೊಬ್ಬನಿಲ್ಲ ಎಂದು ಆಗಲೂ ಅನ್ನಿಸಿತು. ಕೂಡು ಅನ್ನಲು ಎರಡು ಸಲ ಬಾಯಿ ತೆರೆದೆ. ಅಣ್ಣಿಗೇರಿಯಲ್ಲಿ ಇಳಿಯುವ ತನಕ ನನ್ನ ಬಾಜೂಕಿನ ಸೀಟು ಖಾಲಿಯೇ ಇತ್ತು.